ತೊಗರಿಯ ಗೊಡ್ಡು ರೋಗ: ಸಮೀಕರಣ, ಚೌಕ, ಪೊರೆ, ಮೂರರಲ್ಲೂ ಬರೆದು ನೋಡಿದೆ

ತೊಗರಿಗೆ ಗೊಡ್ಡು ರೋಗ ಬಿದ್ದರೆ ಗಿಡ ಸಾಯುವುದಿಲ್ಲ. ಹಸಿರಾಗಿ ಪೊದೆಯ ಹಾಗೆ ಬೆಳೆಯುತ್ತದೆ, ಹೂವಿಲ್ಲ, ಕಾಯಿಲ್ಲ. ರೋಗ ವೈರಸ್ಸಿನದು, ಹೊತ್ತು ತಿರುಗುವುದು ಕಣ್ಣಿಗೆ ಕಾಣದ ನುಸಿ, ಗಾಳಿಯೇ ಅದರ ಬಸ್ಸು. ಈ ಬೇಸಿಗೆಯಲ್ಲಿ ಕಲಬುರಗಿ ಬಿಸಿಲಿಗೆ ಹೊರಗೆ ಕಾಲಿಡಲಾಗದೆ, ಇದನ್ನೇ ಲ್ಯಾಪ್‌ಟಾಪಿನಲ್ಲಿ ಮೂರು ಥರ ಮಾಡೆಲ್ ಮಾಡಿದೆ. 20 ಸಾಲು, ಸಾಲಿಗೆ 20 ಗಿಡ.

ಮೊದಲು ಡಿಫರೆನ್ಷಿಯಲ್ ಸಮೀಕರಣ, ಅಂದರೆ ಯಾವ ಸಂಖ್ಯೆ ಎಷ್ಟು ವೇಗವಾಗಿ ಏರುತ್ತದೆ, ಇಳಿಯುತ್ತದೆ ಅನ್ನುವ ಲೆಕ್ಕ. ಒಳ್ಳೆ ಗಿಡ, ರೋಗದ ಗಿಡ, ನುಸಿ, ಪೈಥಾನ್‌ನಲ್ಲಿ ಮೂರು ಸಾಲು, ಉತ್ತರಕ್ಕೆ ಒಂದು ಸೆಕೆಂಡೂ ಬೇಡ. ಆದರೆ ಹಂಗಾಮಿನ ಶುರುವಿಗೆ ಹೊಲದಲ್ಲಿ 0.3 ನುಸಿ ಅಂತ ತೋರಿಸಿತು. 0.3 ನುಸಿ ಅಂದರೆ ಏನ್ರೀ? ಆ 0.3 ನುಸಿಯೇ ಬೆಳೆದು ಪ್ರತಿ ಸಲವೂ ಇಡೀ ಹೊಲ ಗೊಡ್ಡು ಮಾಡುತ್ತದೆ. ನಿಜವಾದ ಹೊಲದಲ್ಲಿ ಒಂದೆರಡೇ ನುಸಿ ಇದ್ದರೆ ಎಲ್ಲೋ ಹಾರಿಹೋಗಿ ಆ ವರ್ಷ ರೋಗವೇ ಬರದೆ ಇರಬಹುದು, ಅಲ್ವಾ? ಇದಕ್ಕೆ ಅಮೆರಿಕದ ವಿಜ್ಞಾನಿ ಗಿಲೆಸ್ಪಿ 1977ರಲ್ಲಿ ಕೊಟ್ಟ ದಾಳ ಹಾಕುವಂಥ ವಿಧಾನ ಇದೆ, ಆದರೂ ಯಾವ ಗಿಡದ ಪಕ್ಕ ಯಾವ ಗಿಡ ಅನ್ನುವುದು ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ.

ಎರಡನೆಯದು ಚೌಕಗಳ ಆಟ, ಸೆಲ್ಯುಲಾರ್ ಆಟೊಮ್ಯಾಟಾ. ನೆಟ್‌ಲೋಗೊ ಅನ್ನುವ ಸಾಫ್ಟ್‌ವೇರಿನಲ್ಲಿ ಮಾಡಿದೆ. ಒಂದು ಚೌಕ, ಒಂದು ಗಿಡ, ಪಕ್ಕದ ಚೌಕಗಳನ್ನು ನೋಡಿ ಪ್ರತಿ ಚೌಕ ಬದಲಾಗುತ್ತದೆ. ಪಡುವಣ ಗಾಳಿ ಬಿಟ್ಟರೆ ರೋಗ ಹರಡುವುದು ಕಣ್ಣಿಗೆ ಹಬ್ಬ. ಆದರೆ ಗಿಡದ ಒಳಗೆ ನುಸಿ, ನುಸಿಯ ಒಳಗೆ ವೈರಸ್ ಅನ್ನುವುದನ್ನು ಚೌಕದಲ್ಲಿ ತುರುಕಲು ಹೋಗಿ ಕೋಡ್ ಗೋಜಲಾಯಿತು.

ಮೂರನೆಯದು ಪೊರೆಗಳ ಲೆಕ್ಕ, ಪಿ ಸಿಸ್ಟಮ್. ರೊಮೇನಿಯಾದ ಗೆಯೋರ್ಗೆ ಪೌನ್ 1998ರಲ್ಲಿ ಜೀವಕೋಶ ನೋಡಿಯೇ ಇದನ್ನು ಕಟ್ಟಿದರು. ಪೊರೆಯೊಳಗೆ ಪೊರೆ, ಪ್ರತಿಯೊಂದರಲ್ಲೂ ಒಂದಿಷ್ಟು ವಸ್ತು, ಒಂದಿಷ್ಟು ನಿಯಮ, ವಸ್ತು ಪೊರೆ ದಾಟಿ ಒಳಗೂ ಹೋಗಬಹುದು ಹೊರಗೂ ಬರಬಹುದು. ಅವರಿಗೆ ಬೇಕಿದ್ದದ್ದು ಹೊಸ ಥರದ ಕಂಪ್ಯೂಟರ್ ಲೆಕ್ಕ, ಜೀವಶಾಸ್ತ್ರಕ್ಕೆ ಬಂದದ್ದು ಆಮೇಲೆ. ಸ್ಪೇನಿನ ಸೆವಿಲ್ಲೆಯ ಸಂಶೋಧಕರು ಇದಕ್ಕಾಗಿ ಪಿ-ಲಿಂಗ್ವಾ ಅನ್ನುವ ಭಾಷೆ ಮಾಡಿದ್ದಾರೆ, ಪೈರಿನೀಸ್ ಬೆಟ್ಟದ ಗಡ್ಡದ ರಣಹದ್ದುಗಳ ಸಂಖ್ಯೆಯನ್ನೂ ಪೊರೆಗಳಲ್ಲೇ ಲೆಕ್ಕ ಹಾಕಿದ್ದಾರೆ. ನನ್ನದು ಹೊಲ ಒಂದು ಪೊರೆ, ಒಳಗೆ ಗಿಡಗಳ ಪೊರೆ.

ಇದರಲ್ಲಿ ನನಗೆ ಹಿಡಿಸಿದ್ದು ನಿಯಮಗಳನ್ನು ಓದಿ ಹೇಳಬಹುದು ಅನ್ನುವುದು. 'ಗಿಡದಲ್ಲಿ ವೈರಸ್ ಇದ್ದ ನುಸಿ ಇದ್ದರೆ, ಗಿಡ ಗೊಡ್ಡು.' ಊರಿಂದ ಬಂದ ಕಾಕಾನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, "ಎಲ್ಲಾ ಬರ್ದಿ ತಮ್ಮಾ, ಬದುವಿನ ಮ್ಯಾಲಿನ ಹಳೇ ತೊಗರಿ ಗಿಡ ಎಲ್ಲಿ ಹೋದ್ವು?" ಅಂದರು. ಹೌದಲ್ಲ! ಕೊಯ್ಲಾದ ಮೇಲೆ ನುಸಿ ಉಳಿಯುವುದೇ ಅಲ್ಲಿ. ಪಿ-ಲಿಂಗ್ವಾದಲ್ಲಿ ಬದು ಅಂತ ಇನ್ನೊಂದು ಪೊರೆ, ನಾಲ್ಕು ನಿಯಮ, ಅಷ್ಟೇ. ಸಮೀಕರಣವನ್ನು ಮಾತ್ರ ಬುಡದಿಂದ ತಿದ್ದಬೇಕಾಯಿತು. ಸಮೀಕರಣ ತೋರಿಸಿದ್ದರೆ ಕಾಕಾ ಸುಮ್ನೆ ಚಹಾ ಕುಡಿದು ಎದ್ದು ಹೋಗುತ್ತಿದ್ದರು ಅನ್ನುವುದು ಬೇರೆ ಮಾತು.

ಕಾಟವೂ ಜಾಸ್ತಿಯೇ. ಮೂಲ ಪಿ ಸಿಸ್ಟಮ್‌ನಲ್ಲಿ ಒಂದು ಹೆಜ್ಜೆಗೆ ಸಾಧ್ಯವಿರುವ ನಿಯಮಗಳೆಲ್ಲ ಒಟ್ಟಿಗೆ ನಡೆಯಬೇಕು. ಹಾಗೆಯೇ ಬಿಟ್ಟರೆ ನುಸಿ ಮುಟ್ಟಿದ ಗಿಡಗಳೆಲ್ಲ ಒಂದೇ ದಿನ ಗೊಡ್ಡು. ಅದಕ್ಕೇ ಸಂಭವನೀಯತೆ ಸೇರಿಸಿದ ಬಗೆ ಬೇಕು. ಅಲ್ಲಿ ಒಂದೇ ಎಡಭಾಗದ, ಅಂದರೆ 'ಇದ್ದರೆ' ಅನ್ನುವ ಷರತ್ತು ಒಂದೇ ಆಗಿರುವ, ನಿಯಮಗಳ ಸಂಭವನೀಯತೆ ಕೂಡಿದರೆ 1 ಆಗಬೇಕು, ನನ್ನದು ಒಂದು ಕಡೆ 0.9 ಆಗಿತ್ತು, ಹುಡುಕಲು ಎರಡು ದಿನ ಹೋಯಿತು. ತುಂಬಾ ನಿಧಾನ ಬೇರೆ. ಸಿಕ್ಕಿಹಾಕಿಕೊಂಡರೆ ಕೇಳಲು ಹತ್ತಿರದಲ್ಲಿ ಯಾರೂ ಇಲ್ಲ.

ಲಕ್ಷಗಟ್ಟಲೆ ಸಂಖ್ಯೆ ಇದ್ದರೆ ನಾನು ಸಮೀಕರಣವನ್ನೇ ಬಳಸುತ್ತೇನೆ. ಹರಡುವ ಚಿತ್ರವಷ್ಟೇ ಬೇಕಾದರೆ ನೆಟ್‌ಲೋಗೊ. ಒಂದರೊಳಗೊಂದು ಇದ್ದು, ಶುರುವಿನ ಸಂಖ್ಯೆ ಸಣ್ಣದಿದ್ದರೆ ಪೊರೆಗೇ ನನ್ನ ಓಟು, ನಿಧಾನವಾದರೂ. ಬದುವಿನ ಗಿಡ ಕಿತ್ತರೆ ಏನಾಗುತ್ತದೆ ನೋಡು ಅಂತ ಕಾಕಾ ಹೇಳಿ ಹೋಗಿದ್ದಾರೆ. ಬೆಳಿಗ್ಗೆಯೇ ರನ್ ಹಚ್ಚಿದ್ದೇನೆ, ಬ್ಯಾಟರಿ ಸತ್ತ ಲ್ಯಾಪ್‌ಟಾಪು, ಕರೆಂಟು ಹೋಗದಿದ್ದರೆ ಸಂಜೆಗೆ ಮುಗಿಯಬಹುದು.