ಟರ್ಮಿನೇಟರ್, ಜುರಾಸಿಕ್, ಡೈ ಹಾರ್ಡ್: ಯಾವುದು ಜಾಸ್ತಿ ಹಾಳಾಯ್ತು?

ಒಂದು ಸಿನಿಮಾ ಚೆನ್ನಾಗಿ ಓಡಿದರೆ ಎರಡನೇ ಭಾಗ ಬರುತ್ತದೆ. ಅದೂ ಓಡಿದರೆ ಮೂರನೆಯದು. ಆಮೇಲೆ ಓಡಲಿ ಬಿಡಲಿ, ಬರುತ್ತಲೇ ಇರುತ್ತವೆ. ಇದು ಎಲ್ಲರಿಗೂ ಗೊತ್ತಿರುವ ಕಥೆ. ನನ್ನ ಕುತೂಹಲ ಬೇರೆ ಇತ್ತು. ಹಾಳಾಗುವುದರಲ್ಲೂ ಒಂದೊಂದು ಸರಣಿ ಒಂದೊಂದು ಥರ. ಕೆಲವು ಹಾಳಾದರೂ ಕೂತು ನೋಡಬಹುದು, ಇನ್ನು ಕೆಲವು ತಾವು ಬೀಳುವುದಲ್ಲದೆ ನಾವು ಅಷ್ಟು ಇಷ್ಟಪಟ್ಟ ಹಳೆಯ ಸಿನಿಮಾವನ್ನೂ ಜೊತೆಗೆ ಎಳೆದುಕೊಂಡು ಬೀಳುತ್ತವೆ. ಹಾಗಾಗಿ ಈ ಮಳೆಗಾಲದಲ್ಲಿ ಮೂರು ಸರಣಿಗಳನ್ನು ಬಿಡುಗಡೆಯಾದ ಕ್ರಮದಲ್ಲೇ ಮತ್ತೆ ನೋಡಿದೆ. ಪಕ್ಕದಲ್ಲಿ ತಮ್ಮ ಇದ್ದ. ಇವುಗಳಲ್ಲಿ ಅರ್ಧಕ್ಕರ್ಧ ಅವನಿಗೆ ಹೊಸದು, ಅದು ಒಳ್ಳೆಯದೇ ಆಯ್ತು.

ಅಳತೆ ಒಂದೇ ಇಟ್ಟುಕೊಂಡೆ. ಕೊನೆಯ ಭಾಗ ಮುಗಿಸಿ ವಾಪಸ್ ಮೊದಲನೆಯದನ್ನು ಹಾಕಿದರೆ, ಅದು ಮುಂಚಿನಷ್ಟೇ ಖುಷಿ ಕೊಡುತ್ತದಾ, ಇಲ್ವಾ?

ಸ್ಟಾರ್ ವಾರ್ಸ್ ಯಾಕಿಲ್ಲ ಅಂತ ಕೇಳಬೇಡಿ, ಆ ಜಗಳಕ್ಕೆ ನನ್ನಲ್ಲಿ ಶಕ್ತಿ ಇಲ್ಲ. ಇನ್ನೊಂದು ಮಾತು, ಕಥೆಯ ಗುಟ್ಟೆಲ್ಲ ಇಲ್ಲಿ ಬಿಟ್ಟುಕೊಡುತ್ತಿದ್ದೇನೆ. ನೋಡಿಲ್ಲದವರು ಹುಷಾರು.

ಡೈ ಹಾರ್ಡ್‌ನಿಂದ ಶುರು ಮಾಡೋಣ. 1988ರ ಮೊದಲ ಸಿನಿಮಾ ಇವತ್ತಿಗೂ ಸಖತ್ತಾಗಿದೆ. ಒಂದು ಕಟ್ಟಡ, ಒಂದು ರಾತ್ರಿ, ಒಬ್ಬ ಪೊಲೀಸ್. ವಿಮಾನದಲ್ಲಿ ಪಕ್ಕ ಕೂತವನು ಜಾನ್ ಮೆಕ್ಲೇನ್‌ಗೆ ಒಂದು ಸಲಹೆ ಕೊಡುತ್ತಾನೆ: ಊರು ತಲುಪಿದ ಮೇಲೆ ಶೂ, ಸಾಕ್ಸ್ ಬಿಚ್ಚಿ ಬರಿಗಾಲಲ್ಲಿ ಕಾರ್ಪೆಟ್ ಮೇಲೆ ನಡೆದು ಕಾಲ್ಬೆರಳು ಮಡಚು, ಆಯಾಸ ಹೋಗುತ್ತದೆ. ತಮಾಷೆಗೆ ಹಾಕಿದ ಮಾತು ಅನ್ನಿಸುತ್ತದೆ ಅಲ್ವಾ? ಅವನು ಹಾಗೆ ಮಾಡುತ್ತಿರುವಾಗಲೇ ಕಳ್ಳರು ನುಗ್ಗುತ್ತಾರೆ, ಇವನು ಬರಿಗಾಲಲ್ಲೇ ಓಡುತ್ತಾನೆ. ಆಮೇಲೆ ಕಳ್ಳರ ನಾಯಕ ಹ್ಯಾನ್ಸ್ ಅವನ ಬರಿಗಾಲನ್ನು ಗಮನಿಸುತ್ತಾನೆ. ಗುಂಡಿನ ಕಾಳಗದ ಮಧ್ಯೆ ತನ್ನವನಿಗೆ ಗಾಜಿಗೆ ಹೊಡೆ ಅನ್ನುತ್ತಾನೆ. ಮುಂದಿನ ದೃಶ್ಯದಲ್ಲಿ ಮೆಕ್ಲೇನ್ ಬಾತ್‌ರೂಮಿನಲ್ಲಿ ಕೂತು ಪಾದದಿಂದ ಗಾಜಿನ ಚೂರು ಕೀಳುತ್ತಾ ವಾಕಿಟಾಕಿಯಲ್ಲಿ ಮಾತಾಡುತ್ತಿರುತ್ತಾನೆ. ಒಂದು ಸಣ್ಣ ಸಲಹೆಯಿಂದ ಇಷ್ಟು ದೂರ. ಹೀರೋಗೆ ನೋವಾಗುತ್ತದೆ, ಆ ನೋವು ಸಿನಿಮಾ ಮುಗಿಯುವವರೆಗೂ ಅವನ ಜೊತೆ ಕುಂಟುತ್ತಾ ಬರುತ್ತದೆ.

1990ರ ಎರಡನೆಯದು ಇದನ್ನೇ ವಿಮಾನ ನಿಲ್ದಾಣಕ್ಕೆ ಹೊತ್ತುಕೊಂಡು ಹೋಯಿತು, ಪರವಾಗಿಲ್ಲ. 1995ರ ಮೂರನೆಯದಕ್ಕೆ ಮೊದಲ ಭಾಗದ ನಿರ್ದೇಶಕ ಜಾನ್ ಮ್ಯಾಕ್‌ಟಿಯರ್ನನ್ ವಾಪಸ್ ಬಂದ, ಸ್ಯಾಮ್ಯುಯೆಲ್ ಎಲ್. ಜಾಕ್ಸನ್ ಸೇರಿಕೊಂಡ, ಸಿನಿಮಾ ಮತ್ತೆ ಮೇಲೆದ್ದಿತು. ಅದರಲ್ಲಿ ಕಾರಂಜಿ ಹತ್ತಿರ ಒಂದು ಒಗಟಿದೆ. 5 ಗ್ಯಾಲನ್ ಮತ್ತು 3 ಗ್ಯಾಲನ್ ಕ್ಯಾನು ಕೊಟ್ಟು ಸರಿಯಾಗಿ 4 ಗ್ಯಾಲನ್ ನೀರು ತೂಕಕ್ಕೆ ಇಡಬೇಕು, ಇಲ್ಲದಿದ್ದರೆ ಬಾಂಬ್ ಸಿಡಿಯುತ್ತದೆ. ತಮ್ಮ ಅಲ್ಲೇ ನಿಲ್ಲಿಸಿ ಪೇಪರ್ ತಗೊಂಡು ಕೂತ. 5ನ್ನು ತುಂಬಿಸಿ 3ಕ್ಕೆ ಸುರಿದರೆ 2 ಉಳಿಯುತ್ತದೆ. 3ನ್ನು ಖಾಲಿ ಮಾಡಿ ಆ 2ನ್ನು ಅದಕ್ಕೆ ಹಾಕಬೇಕು. ಮತ್ತೆ 5ನ್ನು ತುಂಬಿಸಿ, 3ರಲ್ಲಿ ಉಳಿದಿರುವ ಜಾಗಕ್ಕೆ 1 ಸುರಿದರೆ 5ರಲ್ಲಿ ಉಳಿಯುವುದು 4. ಆಕ್ಷನ್ ಸಿನಿಮಾ ನೋಡುತ್ತಾ ಪೆನ್ನು ಹಿಡಿಯುವ ಹಾಗೆ ಮಾಡುತ್ತದೆ ಅಂದರೆ ಅದರಲ್ಲಿ ಏನೋ ಇದೆ.

ಆಮೇಲೆ ಹನ್ನೆರಡು ವರ್ಷ ಬಿಟ್ಟು 2007ರಲ್ಲಿ ನಾಲ್ಕನೆಯದು. ಬರಿಗಾಲಿಗೆ ಗಾಜು ಚುಚ್ಚಿದರೆ ಅಳು ಬರುವಂತಿದ್ದ ಮನುಷ್ಯ ಇಲ್ಲಿ ಫೈಟರ್ ಜೆಟ್ ಮೇಲೆ ಹಾರುತ್ತಾನೆ. ನೋಡಲು ಮಜಾ ಇದೆ, ಸುಳ್ಳು ಹೇಳಲ್ಲ. ಆದರೆ ಇವನು ಮೆಕ್ಲೇನ್ ಅಲ್ಲ, ಅದೇ ಹೆಸರಿನ ಇನ್ಯಾರೋ. 2013ರ ಐದನೆಯದಂತೂ ಬೇಡವೇ ಬೇಡ. ಮಾಸ್ಕೋದಲ್ಲಿ ಅರ್ಧ ಊರನ್ನು ಪುಡಿ ಮಾಡಿ, ಕಾರು ಹತ್ತಿ ಚೆರ್ನೋಬಿಲ್‌ಗೆ ಹೋಗುತ್ತಾರೆ. ಅಲ್ಲಿನ ವಿಕಿರಣಕ್ಕೆ ಒಂದು ಗ್ಯಾಸ್ ಬಿಟ್ಟರೆ ಮುಗೀತು, ಎಲ್ಲ ಶುದ್ಧ! ತಮ್ಮ ನಕ್ಕ ಜಾಗ ಅದೊಂದೇ, ಅದು ನಗಿಸಲು ಬರೆದ ಜಾಗವಲ್ಲ.

ಇಲ್ಲಿ ಒಂದು ವಿಚಿತ್ರ ಇದೆ. ಮೊದಲ ನಾಲ್ಕರಲ್ಲಿ ಒಂದೂ ಮೆಕ್ಲೇನ್‌ಗಾಗಿ ಹುಟ್ಟಿದ ಕಥೆಯಲ್ಲ. ಮೊದಲನೆಯದು 1979ರ ಒಂದು ಕಾದಂಬರಿಯಿಂದ ಬಂದದ್ದು. ಎರಡನೆಯದು ಬೇರೆ ಲೇಖಕನ ಬೇರೆ ಕಾದಂಬರಿ. ಮೂರನೆಯದು ಬೇರೆ ಸಿನಿಮಾಗೆ ಬರೆದಿದ್ದ ಚಿತ್ರಕಥೆ, ನಾಲ್ಕನೆಯದಕ್ಕೆ ಬೀಜ ಒಂದು ಪತ್ರಿಕಾ ಲೇಖನ. ಶುರುವಿನಿಂದಲೂ ಇವನಿಗೆಂದೇ ಬರೆದದ್ದು ಐದನೆಯದು ಮಾತ್ರ, ಅದೇ ಎಲ್ಲಕ್ಕಿಂತ ಕೆಟ್ಟದ್ದು. ಬೇರೆಯವರ ಕಥೆಯೊಳಗೆ ಸಿಕ್ಕಿಹಾಕಿಕೊಂಡ ಸಾಮಾನ್ಯ ಮನುಷ್ಯನಾಗಿದ್ದಾಗಲೇ ಅವನು ಚೆನ್ನಾಗಿದ್ದ ಅಂತ ನನಗನ್ನಿಸುತ್ತದೆ.

ಆದರೂ ಐದನೆಯದು ಮುಗಿಸಿ ಮೊದಲನೆಯದು ಹಾಕಿದೆ. ಏನೂ ಆಗಿಲ್ಲ. ಅಷ್ಟೇ ಬಿಗಿ, ಅಷ್ಟೇ ಖುಷಿ. ಮಾಸ್ಕೋದಲ್ಲಿ ಏನಾದರೇನು, ಆ ಕಟ್ಟಡದ ರಾತ್ರಿಗೆ ಅದರ ಗೊಡವೆಯೇ ಇಲ್ಲ. ಮೆಕ್ಲೇನ್ ಪಾತ್ರ ಮಾಡಿದ ಬ್ರೂಸ್ ವಿಲ್ಲಿಸ್ ಅವರು ಅನಾರೋಗ್ಯದಿಂದ ನಟನೆ ಬಿಟ್ಟಿದ್ದಾರೆ ಎಂದು 2022ರಲ್ಲಿ ಅವರ ಮನೆಯವರು ತಿಳಿಸಿದರು. ಅವರಿಲ್ಲದೆ ಈ ಸರಣಿಯನ್ನು ಮುಂದುವರಿಸದಿದ್ದರೆ ಒಳ್ಳೆಯದು.

ಇನ್ನು ಜುರಾಸಿಕ್. ಇದರ ಕಾಯಿಲೆ ಒಂದೇ, ಗಾತ್ರ. 1993ರ ಸಿನಿಮಾ ಎರಡು ಗಂಟೆಗೂ ಸ್ವಲ್ಪ ಜಾಸ್ತಿ ಇದೆ, ಅದರಲ್ಲಿ ಡೈನೋಸಾರ್ ಕಾಣಿಸುವುದು ಬರೀ 15 ನಿಮಿಷದಷ್ಟು. ಮಿಕ್ಕಿದ್ದೆಲ್ಲ ಕಾಯುವುದು. ಟಿ. ರೆಕ್ಸ್ ಬರುವ ಮುಂಚೆ ಲೋಟದ ನೀರು ನಡುಗುತ್ತದಲ್ಲ, ಆ ಅಲೆ ಬರಿಸಲು ಕಾರಿನೊಳಗೆ ಗಿಟಾರ್ ತಂತಿ ಕಟ್ಟಿ ಮೀಟಿದ್ದರಂತೆ. ಆ ದಾಳಿ ಶುರುವಾದ ಮೇಲೆ ಸಂಗೀತವೇ ಇಲ್ಲ. ಮಳೆ, ಲೋಹ ಮುರಿಯುವ ಶಬ್ದ, ಮಕ್ಕಳ ಕಿರುಚಾಟ, ಅಷ್ಟೇ. ಈ ಸಲ ಅದನ್ನು ಗಮನಿಸಿ ಕೇಳಿದೆ, ನಿಜವಾಗಲೂ ಮೈ ಜುಂ ಅಂತು.

1997ರ ಎರಡನೆಯದು ಅರ್ಧ ಚೆನ್ನಾಗಿದೆ. ಬಂಡೆಯಂಚಿನಿಂದ ಟ್ರೇಲರ್ ಗಾಡಿ ನೇತಾಡುತ್ತಿದೆ, ಒಳಗೆ ನಾಯಕಿ ಸಾರಾ ಗಾಜಿನ ಮೇಲೆ ಬಿದ್ದಿದ್ದಾಳೆ, ಗಾಜು ಅವಳ ಕೈ ಕೆಳಗೇ ನಿಧಾನಕ್ಕೆ ಸೀಳುತ್ತಾ ಹೋಗುತ್ತದೆ. ಆ ಐದು ನಿಮಿಷಕ್ಕೆ ಮಿಕ್ಕಿದ್ದನ್ನೆಲ್ಲ ಕ್ಷಮಿಸಬಹುದು, ಹುಡುಗಿಯೊಬ್ಬಳು ಜಿಮ್ನಾಸ್ಟಿಕ್ಸ್ ಮಾಡಿ ರ‍್ಯಾಪ್ಟರ್‌ಗೆ ಒದೆಯುವುದನ್ನೂ ಸೇರಿಸಿ. 2001ರದ್ದು ಚಿಕ್ಕ ಸಿನಿಮಾ, ಬೇಗ ಮುಗಿಯುತ್ತದೆ. ಸ್ಪೈನೋಸಾರಸ್ ಹೊಟ್ಟೆಯೊಳಗಿಂದ ಸ್ಯಾಟಲೈಟ್ ಫೋನ್ ರಿಂಗ್ ಆಗುವ ಐಡಿಯಾ ಮಾತ್ರ ಇವತ್ತಿಗೂ ನಗು ತರಿಸುತ್ತದೆ, ಹೆದರಿಸುತ್ತದೆ ಕೂಡ.

2015ರ ಜುರಾಸಿಕ್ ವರ್ಲ್ಡ್‌ನಲ್ಲಿ ಜನರಿಗೆ ಡೈನೋಸಾರ್ ನೋಡಿ ಬೇಜಾರಾಗಿದೆ, ಅದಕ್ಕೆ ಲ್ಯಾಬಿನಲ್ಲಿ ಇನ್ನೂ ದೊಡ್ಡದು, ಇನ್ನೂ ಜಾಸ್ತಿ ಹಲ್ಲಿನದು ಮಾಡುತ್ತಾರೆ. ತನ್ನ ಕಾಯಿಲೆಯನ್ನು ಸಿನಿಮಾ ತಾನೇ ಬಾಯಿ ಬಿಟ್ಟು ಹೇಳಿ, ಆಮೇಲೆ ಅದೇ ತಪ್ಪನ್ನು ಮಾಡುತ್ತದೆ. ದುಡ್ಡೇನೋ 160 ಕೋಟಿ ಡಾಲರ್‌ಗೂ ಜಾಸ್ತಿ ಬಂತು. ಮುಂದಿನದಕ್ಕೆ 130 ಕೋಟಿ, ಅದರ ಮುಂದಿನದಕ್ಕೆ 100 ಕೋಟಿ ಚಿಲ್ಲರೆ. 2018ರದ್ದರಲ್ಲಿ ಜ್ವಾಲಾಮುಖಿಯ ಹೊಗೆಯಲ್ಲಿ ಆ ಉದ್ದ ಕತ್ತಿನ ಪ್ರಾಣಿ ದಡದಲ್ಲಿ ನಿಂತು ಕೂಗುತ್ತಾ ಮರೆಯಾಗುವ ದೃಶ್ಯವಿದೆ, ಚೆನ್ನಾಗಿದೆ. ಆಮೇಲೆ ಕಥೆ ಒಂದು ಬಂಗಲೆಯ ನೆಲಮಾಳಿಗೆಗೆ ಹೋಗಿ ಹರಾಜು ಕೂಗುತ್ತದೆ. 2022ರದ್ದರಲ್ಲಿ ಡೈನೋಸಾರ್‌ಗಳು ಊರು ಕೇರಿಗೆಲ್ಲ ಬಂದಿವೆ, ಹಳೆಯ ಮೂವರು ನಟರೂ ವಾಪಸ್ ಬಂದಿದ್ದಾರೆ, ಇಷ್ಟೆಲ್ಲ ಇಟ್ಟುಕೊಂಡು ಕಥೆ ಯಾವುದರ ಬಗ್ಗೆ ಗೊತ್ತಾ? ಮಿಡತೆ. ಬೆಳೆ ತಿನ್ನುವ ದೈತ್ಯ ಮಿಡತೆ. ತಮ್ಮ ಎದ್ದು ಹೋಗಿ ಚಹಾ ಇಟ್ಟ, ವಾಪಸ್ ಬರುವ ಆತುರವೇನೂ ಇರಲಿಲ್ಲ.

2025ರ ರೀಬರ್ತ್ ಸ್ವಲ್ಪ ಉಸಿರು ತಂದಿದೆ. ನದಿಯಲ್ಲಿ ಗಾಳಿ ತುಂಬಿದ ದೋಣಿ, ದಡದಲ್ಲಿ ಮಲಗಿದ್ದ ಟಿ. ರೆಕ್ಸ್ ಏಳುವುದು. ಅದು ಮೈಕೆಲ್ ಕ್ರೈಟನ್ ಅವರ 1990ರ ಕಾದಂಬರಿಯಲ್ಲೇ ಇದ್ದ ಪ್ರಸಂಗ, ಮೊದಲ ಸಿನಿಮಾಗೆ ತಗೊಂಡಿರಲಿಲ್ಲ. ಹೊಸದರಲ್ಲಿ ಮನಸ್ಸಿಗೆ ಹಿಡಿಸಿದ್ದು ಆ ಹಳೆಯ ಸರಕೇ.

ವಾಪಸ್ ಮೊದಲನೆಯದು ಹಾಕಿದಾಗ? ಚೂರು ಮಸುಕಾಗಿತ್ತು. ಜೀಪಿನಿಂದ ಎದ್ದು ನಿಂತು ವಿಜ್ಞಾನಿ ಗ್ರಾಂಟ್ ಮೊದಲ ಸಲ ಬ್ರಾಕಿಯೋಸಾರಸ್ ನೋಡಿ ಬಾಯಿ ಬಿಡುತ್ತಾನಲ್ಲ, ಆ ಬೆರಗು ನನಗೆ ಪೂರ್ತಿ ಹತ್ತಲಿಲ್ಲ, ಯಾಕಂದರೆ ಅಷ್ಟೊತ್ತಿಗೆ ಕಣ್ಣು ತುಂಬಾ ಡೈನೋಸಾರ್ ತುಂಬಿಸಿಕೊಂಡಿದ್ದೆ. ಮಳೆಯ ದೃಶ್ಯಕ್ಕೆ ಮಾತ್ರ ಏನೂ ಆಗಿರಲಿಲ್ಲ.

ಟರ್ಮಿನೇಟರ್ ವಿಷಯಕ್ಕೆ ಬಂದರೆ ನನಗೆ ನಿಜವಾಗಲೂ ಸಿಟ್ಟಿದೆ. 1984ರಲ್ಲಿ ಜೇಮ್ಸ್ ಕ್ಯಾಮರೂನ್ ಸುಮಾರು 64 ಲಕ್ಷ ಡಾಲರ್‌ನಲ್ಲಿ ಮಾಡಿದ ಸಿನಿಮಾ ಅದು, ಭವಿಷ್ಯದಿಂದ ಕೊಲ್ಲಲು ಬಂದ ಯಂತ್ರದ ಕಥೆ, ಹೆಚ್ಚುಕಮ್ಮಿ ಒಂದು ಭಯದ ಸಿನಿಮಾ. 1991ರ ಎರಡನೆಯದಕ್ಕೆ 10 ಕೋಟಿಯಷ್ಟು ಖರ್ಚಾಯಿತು, ಖರ್ಚು ಮಾಡಿದ ಒಂದೊಂದು ಕಾಸೂ ಕಾಣುತ್ತದೆ. ಆದರೆ ನನಗೆ ಅದರಲ್ಲಿ ಇಷ್ಟವಾದದ್ದು ದುಡ್ಡಿನ ಕೆಲಸವಲ್ಲ. ಆಸ್ಪತ್ರೆಯಲ್ಲಿ ಪೊಲೀಸ್ ವೇಷದ ಆ ದ್ರವ ಲೋಹದ ಯಂತ್ರಮಾನವ ಕಬ್ಬಿಣದ ಸರಳುಗಳ ಮೂಲಕ ನೀರಿನ ಹಾಗೆ ದಾಟಿಬಿಡುತ್ತಾನೆ, ಕೈಯಲ್ಲಿದ್ದ ಪಿಸ್ತೂಲ್ ಮಾತ್ರ ಸರಳಿಗೆ ತಗುಲಿ ಟಣ್ ಅನ್ನುತ್ತದೆ. ಅವನು ಮಣಿಕಟ್ಟು ತಿರುಗಿಸಿ ಪಿಸ್ತೂಲನ್ನು ಅಡ್ಡ ಮಾಡಿ ಎಳೆದುಕೊಳ್ಳುತ್ತಾನೆ. ಮೈ ಕರಗುತ್ತದೆ, ಪಿಸ್ತೂಲ್ ಕರಗಲ್ಲ. ಯಾರೋ ಕೂತು ಇದನ್ನು ಯೋಚಿಸಿದ್ದಾರೆ.

ಶಾಪಿಂಗ್ ಮಾಲ್ ದೃಶ್ಯವೂ ಹಾಗೇ. ಗುಲಾಬಿ ಡಬ್ಬಿಯಿಂದ ಬಂದೂಕು ಹೊರಬರುತ್ತದೆ, ಹೂವೆಲ್ಲ ಬೂಟಿನ ಕೆಳಗೆ. ಇನ್ನೊಂದು ಯಂತ್ರವಾದ ಆರ್ನಾಲ್ಡ್, ಹುಡುಗ ಜಾನ್ ಕಾನರ್‌ನನ್ನು ಕೊಲ್ಲಲು ಬಂದವನೋ ಕಾಯಲು ಬಂದವನೋ ಅಂತ ಆ ಕ್ಷಣದವರೆಗೂ ಸಿನಿಮಾ ಬಾಯಿ ಬಿಡುವುದಿಲ್ಲ. ತಮ್ಮನಿಗೆ ಗೊತ್ತಿರಲಿಲ್ಲ. ಅವನ ಮುಖ ನೋಡಲು ನನಗೆ ಸಿನಿಮಾಕ್ಕಿಂತ ಮಜಾ ಬಂತು.

ಕೊನೆಯಲ್ಲಿ ತಾಯಿ, ಮಗ, ಯಂತ್ರ ಮೂವರೂ ಸೇರಿ ಯಂತ್ರಗಳು ಮನುಷ್ಯರ ಮೇಲೆ ಅಣುಬಾಂಬು ಹಾಕುವ ಪ್ರಳಯವನ್ನು ತಪ್ಪಿಸುತ್ತಾರೆ. ಕಥೆ ಮುಗಿಯಿತು. ಮುಗಿದ ಕಥೆಯನ್ನು ಮುಂದುವರಿಸಬೇಕಾದರೆ ಏನು ಮಾಡಬೇಕು? ಹಿಂದಿನದನ್ನು ಅಳಿಸಬೇಕು. 2003ರದ್ದು ಪ್ರಳಯ ತಪ್ಪಿಲ್ಲ, ಮುಂದಕ್ಕೆ ಹೋಗಿದೆ ಅಂತು. 2009ರದ್ದು ಸೀದಾ ಪ್ರಳಯದ ನಂತರಕ್ಕೆ ಹಾರಿತು. 2015ರದ್ದು ಮೊದಲ ಸಿನಿಮಾದ ಕಾಲಕ್ಕೇ ಹೋಗಿ ಅಲ್ಲಿಂದಲೇ ಬದಲಾಯಿಸಿತು, ಮೇಲಾಗಿ ಜಾನ್ ಕಾನರ್ ಈಗ ಯಂತ್ರ ಅನ್ನುವ ದೊಡ್ಡ ಗುಟ್ಟನ್ನು ಟ್ರೇಲರ್‌ನಲ್ಲೇ ತೋರಿಸಿಬಿಟ್ಟರು. 2019ರದ್ದು ಮೂರು, ನಾಲ್ಕು, ಐದನ್ನು ಪಕ್ಕಕ್ಕಿಟ್ಟು ಎರಡರಿಂದ ಮುಂದುವರಿಯುತ್ತೇನೆ ಅಂತು. ಹಾಕಿದ ರಂಗೋಲಿಯನ್ನು ಪ್ರತಿ ಸಲ ಅಳಿಸಿ, ಅದೇ ರಂಗೋಲಿಯನ್ನು ಮತ್ತೆ ಸೊಟ್ಟಗೆ ಹಾಕಿದ ಹಾಗಿದೆ. ಕೊನೆಯ ಮೂರೂ ಹೊಸ ಸರಣಿಗೆ ಮುನ್ನುಡಿ ಅಂತಲೇ ಬಂದವು, ಒಂದಕ್ಕೂ ಮುಂದಿನ ಭಾಗ ಬರಲಿಲ್ಲ.

ಆದರೆ ನನ್ನ ಸಿಟ್ಟು ಅದಕ್ಕಲ್ಲ. 2019ರ ಸಿನಿಮಾ ಶುರುವಾಗಿ ಕೆಲವೇ ನಿಮಿಷಕ್ಕೆ, ಎರಡನೇ ಭಾಗದಲ್ಲಿ ಅಷ್ಟು ಕಷ್ಟಪಟ್ಟು ಉಳಿಸಿದ ಆ ಹುಡುಗನನ್ನು ಕೊಂದುಬಿಡುತ್ತಾರೆ. ಅದೂ ಕಂಪ್ಯೂಟರ್‌ನಲ್ಲಿ ಅವನ ಹಳೆಯ ಮುಖವನ್ನೇ ಮಾಡಿ. ಕೊಂದ ಯಂತ್ರ ಆಮೇಲೆ ಟೆಕ್ಸಾಸ್‌ನಲ್ಲಿ ಕಾರ್ಲ್ ಅಂತ ಹೆಸರಿಟ್ಟುಕೊಂಡು ಮನೆ ಕಿಟಕಿಗೆ ಪರದೆ ಹಾಕುವ ವ್ಯಾಪಾರ ಮಾಡಿಕೊಂಡಿರುತ್ತದೆ. ತಾಯಿಯ ಪಾತ್ರದಲ್ಲಿ ಲಿಂಡಾ ಹ್ಯಾಮಿಲ್ಟನ್ ಚೆನ್ನಾಗಿ ಮಾಡಿದ್ದಾರೆ, ಹೊಡೆದಾಟಗಳು ಮೂರಕ್ಕಿಂತ, ಐದಕ್ಕಿಂತ ಎಷ್ಟೋ ವಾಸಿ. ಸಿನಿಮಾ ಮಾಡುವ ಕೆಲಸದಲ್ಲಿ ಇದು ಡೈ ಹಾರ್ಡ್ ಐದಕ್ಕಿಂತ ಎಷ್ಟೋ ಮೇಲು, ಒಪ್ಪುತ್ತೇನೆ. ಆದರೂ ಅದಾದ ಮೇಲೆ ಎರಡನೆಯದನ್ನು ಹಾಕಿದಾಗ, ಆ ಹುಡುಗ ಬೈಕಿನಲ್ಲಿ ಕಾಲುವೆಯೊಳಗೆ ಓಡುತ್ತಿದ್ದರೆ ನನ್ನ ತಲೆಯಲ್ಲಿ ಒಂದೇ ಮಾತು: ಎಷ್ಟು ಓಡಿದರೂ ಅಷ್ಟೇ ಕಣೋ. ಹಾಗೆ ಅನ್ನಿಸಬಾರದಿತ್ತು. ಕೆಟ್ಟ ಸಿನಿಮಾ ಮಾಡುವುದು ಬೇರೆ, ಒಳ್ಳೆಯ ಸಿನಿಮಾದ ಕೊನೆಯನ್ನು ಕಿತ್ತುಕೊಳ್ಳುವುದು ಬೇರೆ.

ಹಾಗಾಗಿ ನನ್ನ ಪ್ರಕಾರ ಜಾಸ್ತಿ ಹಾಳಾದದ್ದು ಟರ್ಮಿನೇಟರ್, ಆಮೇಲೆ ಜುರಾಸಿಕ್. ಪಾತಾಳಕ್ಕೆ ಬಿದ್ದರೂ ಡೈ ಹಾರ್ಡ್ ಹಳೆಯದನ್ನು ಮುಟ್ಟಿಲ್ಲ.

ನೋಡುವವರಿಗೆ: ಡೈ ಹಾರ್ಡ್‌ನಲ್ಲಿ ಒಂದು ಮತ್ತು ಮೂರು ಸಾಕು, ಎರಡು ಬೇಕಿದ್ದರೆ. ಜುರಾಸಿಕ್‌ನಲ್ಲಿ ಮೊದಲನೆಯದು ನೋಡಿ ತಿಂಗಳುಗಟ್ಟಲೆ ಬಿಟ್ಟು ರೀಬರ್ತ್ ಹಾಕಿ. ಮನೆಯಲ್ಲಿ ಡೈನೋಸಾರ್ ಹುಚ್ಚಿನ ಮಕ್ಕಳಿದ್ದರೆ ನಿಮ್ಮ ಮಾತು ನಡೆಯಲ್ಲ, ಎಲ್ಲವನ್ನೂ ನೋಡಬೇಕಾಗುತ್ತದೆ, ಮಿಡತೆಯನ್ನೂ. ಟರ್ಮಿನೇಟರ್‌ನಲ್ಲಿ ಎರಡಕ್ಕೆ ನಿಲ್ಲಿಸಿ. ಮೂರನೆಯದರ ಕೊನೆಯ ಹತ್ತು ನಿಮಿಷ ಮಾತ್ರ ಚೆನ್ನಾಗಿದೆ: ಪ್ರಳಯ ತಪ್ಪಿಸಲು ಅಂತ ಓಡಿ ಬಂದ ನೆಲಮಾಳಿಗೆ ಬರೀ ಬಚ್ಚಿಟ್ಟುಕೊಳ್ಳುವ ಜಾಗ ಅಂತ ಗೊತ್ತಾಗುವುದು, ಹೊರಗೆ ಬಾಂಬು ಬೀಳುವುದು. ಆ ಹತ್ತು ನಿಮಿಷಕ್ಕೋಸ್ಕರ ಇಡೀ ಸಿನಿಮಾ ನೋಡಬಹುದು ಅಂತ ತಮ್ಮ ಇನ್ನೂ ವಾದ ಮಾಡುತ್ತಾನೆ. ನಾನು ಒಪ್ಪಿಲ್ಲ.