ಒಂದೇ ಹಳಿಯ ಎರಡು ತುದಿ: ಹೆಗಲಿಗೆ ಬ್ಯಾಗು ಹಾಕಿಕೊಂಡ ಗಂಡ ಹೆಂಡತಿಗೆ ಮುಂಬೈಯೋ, ಚೆನ್ನೈಯೋ?

ರಾಯಚೂರಿನವರಿಗೆ ಸಮುದ್ರ ನೋಡುವ ಆಸೆಯಾದರೆ ನಡುವೆ ರೈಲು ಬದಲಿಸದೆ ತಲುಪಲು ಮುಖ್ಯವಾಗಿ ಎರಡು ಮಹಾನಗರಗಳಿವೆ. ಬೊಂಬಾಯಿಯ ಕಡೆಯಿಂದ ಹಾಕುತ್ತ ಬಂದ ಹಳಿಯೂ ಮದರಾಸಿನ ಕಡೆಯಿಂದ ಹಾಕುತ್ತ ಬಂದ ಹಳಿಯೂ 1871ರಲ್ಲಿ ಒಂದಕ್ಕೊಂದು ಕೂಡಿದ್ದು ನಮ್ಮೂರಿನಲ್ಲೇ ಆದ್ದರಿಂದ, ಒಂದೇ ನಿಲ್ದಾಣದಿಂದ ಒಂದು ದಿಕ್ಕಿಗೆ ಸುಮಾರು 700 ಕಿಲೋಮೀಟರ್ ಹೋದರೆ ಅರಬ್ಬೀ ಸಮುದ್ರ, ಇನ್ನೊಂದು ದಿಕ್ಕಿಗೆ 600 ಕಿಲೋಮೀಟರಿಗೂ ಕಡಿಮೆ ಹೋದರೆ ಬಂಗಾಳ ಕೊಲ್ಲಿ ಸಿಗುತ್ತದೆ. ನಾನೂ ನಮ್ಮ ಮನೆಯವರೂ ತಲಾ ಒಂದು ಬ್ಯಾಗು ಹೆಗಲಿಗೇರಿಸಿ, ಯಾವ ಟೂರ್ ಏಜೆಂಟರ ಸಹವಾಸವಿಲ್ಲದೆ ಎರಡೂ ಊರುಗಳನ್ನು ಸುತ್ತಿ ಬಂದಿದ್ದೇವೆ. ನೋಡುವ ವಸ್ತುಗಳ ಪಟ್ಟಿ ಮಾಡಿದರೆ ಮುಂಬೈಯದೇ ಉದ್ದವಾಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಮತ್ತೆ ಹೊರಡುವುದಾದರೆ ನಾನು ಟಿಕೆಟ್ ತೆಗೆಸುವುದು ಚೆನ್ನೈಗೆ.

ಮುಂಬೈಯ ತೊಡಕು ರೂಮಿನ ಬಾಡಿಗೆಯಿಂದಲೇ ಶುರುವಾಗುತ್ತದೆ. ಗೇಟ್‌ವೇ, ಫೋರ್ಟ್, ಮರೀನ್ ಡ್ರೈವ್, ವಸ್ತುಸಂಗ್ರಹಾಲಯ ಎಂದು ಹೊರಗಿನವರು ನೋಡುವ ಜಾಗಗಳಲ್ಲಿ ಬಹುಪಾಲು ಊರಿನ ದಕ್ಷಿಣ ತುದಿಯಲ್ಲಿ ಗುಂಪುಗೂಡಿವೆ. ಆ ಭಾಗದಲ್ಲಿ ಒಳಚಿಲಕ ಗಟ್ಟಿಯಾಗಿರುವ, ಬಚ್ಚಲು ಒಳಗೇ ಇರುವ, ಹಾಸಿಗೆಯ ಮೇಲೆ ಮಲಗಲು ಮನಸ್ಸು ಬರುವಂಥ ರೂಮಿಗೆ ನಮಗೆ ಹೇಳಿದ ಬಾಡಿಗೆ ದಿನಕ್ಕೆ ಮೂರು ಸಾವಿರಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಅಗ್ಗದ ಡಾರ್ಮಿಟರಿಗಳಿದ್ದರೂ ನಾವು ವಿಚಾರಿಸಿದ ಕಡೆಗಳಲ್ಲಿ ಗಂಡಸರಿಗೊಂದು ಅಂತಸ್ತು, ಹೆಂಗಸರಿಗೊಂದು ಅಂತಸ್ತು. ಜೊತೆಯಲ್ಲಿ ಊರು ನೋಡಲು ಬಂದವರು ರಾತ್ರಿಯಾದೊಡನೆ ಬೇರೆ ಬೇರೆ ಮೆಟ್ಟಿಲು ಹತ್ತುವುದು ನನಗೆ ಒಗ್ಗಲಿಲ್ಲ. ಹೀಗಾಗಿ ಸಾವಿರದಷ್ಟು ಉಳಿತಾಯವಾಗುತ್ತದೆಂದು ಅಲ್ಲಿಂದ ದೂರದ ಘಾಟ್ಕೋಪರ್‌ ಬಡಾವಣೆಯಲ್ಲಿ ಉಳಿದುಕೊಂಡೆವು. ಆ ಉಳಿತಾಯದ ಬೆಲೆಯನ್ನು ಲೋಕಲ್ ರೈಲಿನಲ್ಲಿ ತೆರಬೇಕಾಯಿತು.

ಲೋಕಲ್ ರೈಲಿನ ಜನಸಂದಣಿಯ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ. ಗಂಡ ಹೆಂಡತಿ ಜೊತೆಯಾಗಿ ಹೊರಟರೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಬೆಳಗಿನ ಒಂಬತ್ತು ಗಂಟೆಗೆ ದಕ್ಷಿಣಕ್ಕೆ ಹೋಗುವ ಗಾಡಿಯ ಜನರಲ್ ಬೋಗಿಗೆ ಹತ್ತಲು ನನಗೆ ನಿಯಮದ ಅಡ್ಡಿಯೇನೂ ಇಲ್ಲ. ಆದರೆ ನಮ್ಮಲ್ಲಿ ಮಿಲ್ಲಿನವರು ಹತ್ತಿಯ ಬೇಲು ಒತ್ತುವ ಹಾಗೆ ಜನ ಒತ್ತಿಕೊಂಡಿರುವ ಆ ಬಾಗಿಲಲ್ಲಿ, ಬೆನ್ನಿನ ಮೇಲೆ ಎಂಟು ಕಿಲೋ ಬ್ಯಾಗು ಇಟ್ಟುಕೊಂಡ ಹೆಂಗಸಿಗೆ ಜಾಗವಿರುವುದಿಲ್ಲ. ಮಹಿಳಾ ಬೋಗಿಗೆ ನಮ್ಮ ಮನೆಯವರು ಬರುವಂತಿಲ್ಲ. ಆದ್ದರಿಂದ ಪ್ರತಿ ಬೆಳಗ್ಗೆಯೂ ಸಂಜೆಯೂ ಪ್ಲಾಟ್‌ಫಾರ್ಮಿನ ಮೇಲೆ ಅವರೊಂದು ದಿಕ್ಕು, ನಾನೊಂದು ದಿಕ್ಕು.

ಮಹಿಳಾ ಬೋಗಿಗೆ ಅದರದೇ ರೀತಿ ರಿವಾಜುಗಳಿವೆ. ಒಳಗೆ ಕಾಲಿಟ್ಟವರು ಕುಳಿತವರನ್ನು ಕೇಳುವ ಮೊದಲ ಮಾತೇ “ಕಹಾ ಉತರೇಗಿ?” ಎಂದು. ಇದರಲ್ಲಿ ಉಪಚಾರವೇನಿಲ್ಲ, ಕುಳಿತವಳು ದಾದರಿನಲ್ಲಿ ಇಳಿಯುವವಳಾದರೆ ಆ ಸೀಟು ಕೇಳಿದವಳ ಹೆಸರಿಗಾಯಿತು ಎಂದು ಅರ್ಥ, ನಂತರ ಬಂದವರು ಅದರ ಆಸೆ ಬಿಡಬೇಕು. ಬ್ಯಾಗನ್ನು ಬೆನ್ನಿಗೆ ಹಾಕಿಕೊಂಡು ನಿಂತವರನ್ನು ಯಾರೂ ಸಹಿಸುವುದಿಲ್ಲ. ಎದೆಯ ಮೇಲೆ ತಿರುಗಿಸಿಕೊಂಡು ಅಪ್ಪಿ ಹಿಡಿಯಬೇಕು, ಇಲ್ಲವೇ ಮೇಲಿನ ಹಲಗೆಗೆ ಸಾಗಹಾಕಬೇಕು. ಮೇಲೆ ಹೋದ ಬ್ಯಾಗು ಕೆಳಗಿಳಿಯುವಾಗ ನಾಲ್ಕಾರು ಕೈ ದಾಟಿ ಬರಬೇಕಾಗುವುದರಿಂದ, ಇಳಿಯುವ ನಿಲ್ದಾಣಕ್ಕಿಂತ ಒಂದು ನಿಲ್ದಾಣ ಮೊದಲೇ ಅದನ್ನು ಕೇಳಿ ಪಡೆದು, ಪ್ಲಾಟ್‌ಫಾರ್ಮ್ ಯಾವ ಬದಿಗೆ ಬರುತ್ತದೆಂದು ವಿಚಾರಿಸಿ, ಆ ಬದಿಯ ಬಾಗಿಲಿನ ಸಾಲಿಗೆ ಸೇರಿಕೊಳ್ಳಬೇಕು. ಅಲ್ಲಿಯ ಹೆಂಗಸರು ಗದರಿದ ದನಿಯಲ್ಲೇ ಸಹಾಯ ಮಾಡುತ್ತಾರೆ. ನನ್ನ ಬ್ಯಾಗಿನ ಪಟ್ಟಿಯನ್ನು ಒಬ್ಬಾಕೆ ಬಿಗಿ ಮಾಡಿ, ಮೊಣಕೈಯಿಂದ ನೂಕಿ ಬಾಗಿಲಿಗೆ ತಲುಪಿಸದಿದ್ದರೆ ನಾನು ಅಂದು ಇಳಿಯಲಾಗದೆ ಮುಂದಿನ ಭಾಯಖಳಾ (ಬೈಕುಲ್ಲಾ) ನಿಲ್ದಾಣದವರೆಗೂ ಹೋಗುತ್ತಿದ್ದೆ.

ಇಳಿದ ಮೇಲಿನದು ಇನ್ನೊಂದು ಫಜೀತಿ. ಫಾಸ್ಟ್ ಗಾಡಿ ಕೆಲವೇ ನಿಲ್ದಾಣಗಳಲ್ಲಿ ನಿಲ್ಲುತ್ತದೆ, ಸ್ಲೋ ಗಾಡಿ ಎಲ್ಲ ಕಡೆ ನಿಲ್ಲುತ್ತದೆ. ಒಬ್ಬರು ಹತ್ತಿ ಇನ್ನೊಬ್ಬರು ಹತ್ತಲಾಗದೆ ಉಳಿದರೆ ಹಿಂದೆ ಬರುವ ಗಾಡಿ ಯಾವುದೆಂದು ನೋಡಿಕೊಂಡು ಹತ್ತಬೇಕು, ಅಷ್ಟರಲ್ಲಿ ಮುಂದೆ ಹೋದವರು ಗಾಬರಿಯಾಗಿರುತ್ತಾರೆ. ಎದೆಯ ಮೇಲೆ ಬ್ಯಾಗು, ಸುತ್ತ ಜನ. ಫೋನು ರಿಂಗಾದರೆ ತೆಗೆಯಲು ಕೈ ಆಡುವುದಿಲ್ಲ. ಇಳಿದವರು ಇಳಿದಲ್ಲೇ, ಗಾಡಿ ಸೂಚಿಸುವ ಬೋರ್ಡಿನ ಕೆಳಗೆ ನಿಲ್ಲತಕ್ಕದ್ದು, ಹುಡುಕಿಕೊಂಡು ಹೋಗತಕ್ಕದ್ದಲ್ಲ ಎಂದು ನಾವು ಕರಾರು ಮಾಡಿಕೊಂಡೆವು. ದಾದರಿನಲ್ಲಿ ಆ ಬೋರ್ಡಿನ ಕೆಳಗೆ ನಿಂತೇ ಇರುವುದಕ್ಕೂ ಜನ ಬಿಡುವುದಿಲ್ಲ. ಕೊನೆಗೆ ಬೆಳಗಿನ ನೂಕುನುಗ್ಗಲು ಕಳೆಯುವವರೆಗೆ ರೂಮಿನಲ್ಲೇ ಕುಳಿತು ಹನ್ನೊಂದರ ಮೇಲೆ ಹೊರಡುವುದೆಂದು ತೀರ್ಮಾನಿಸಿದೆವು. ಆ ಹೊತ್ತಿಗೆ ಒಂದೇ ಬೋಗಿಯಲ್ಲಿ ಇಬ್ಬರಿಗೂ ಸೀಟು ಸಿಗುತ್ತದೆ, ನಿಜ. ಆದರೆ ಬೆಳಗಿನ ಐದಕ್ಕೆ ಎದ್ದು ರೂಢಿಯಿರುವ ನಮಗೆ ದಿನದ ಒಳ್ಳೆಯ ಭಾಗ ಅಲ್ಲಿಗೆ ಕಳೆದುಹೋಗಿರುತ್ತದೆ. ಇದು ರೈಲಿನ ದೋಷವೆಂದು ನಾನು ಹೇಳುತ್ತಿಲ್ಲ. ಐದು, ಹತ್ತು ರೂಪಾಯಿಗೆ ಅಷ್ಟು ದೂರ ಕರೆದೊಯ್ಯುವ ವ್ಯವಸ್ಥೆ ಊರಿನ ದುಡಿಯುವ ಜನರಿಗಾಗಿ ಇದೆ, ಬ್ಯಾಗು ಹೊತ್ತ ಪ್ರವಾಸಿಗರು ಅದರಲ್ಲಿ ಹೊರೆಯಷ್ಟೇ.

ಚೆನ್ನೈಯಲ್ಲಿ ನಾವು ಉಳಿದದ್ದು ತಿರುವಲ್ಲಿಕ್ಕೇಣಿಯಲ್ಲಿ. ಆಟೊದವರು ಅದನ್ನು ಟ್ರಿಪ್ಲಿಕೇನ್ ಎಂದೂ ಕರೆಯುತ್ತಾರೆ. ಒಂಟಿ ಗಂಡಸರು ತಿಂಗಳ ಬಾಡಿಗೆಗೆ ಇರುವ ‘ಮ್ಯಾನ್ಶನ್’ಗಳಿಗೆ ಹೆಸರಾದ ಬೀದಿಗಳವು, ಅವುಗಳ ನಡುವೆ ಸಂಸಾರಸ್ಥರಿಗೂ ಒಪ್ಪುವ ಹಳೆಯ ಲಾಡ್ಜುಗಳಿವೆ. ಎ.ಸಿ. ಇಲ್ಲದ ಡಬಲ್ ರೂಮಿಗೆ ನಾವು ದಿನಕ್ಕೆ ಸಾವಿರದ ಆಸುಪಾಸು ಕೊಟ್ಟೆವು. ಎರಡು ರಾತ್ರಿಯ ಆ ಹಣಕ್ಕೆ ಘಾಟ್ಕೋಪರ್‌ನಲ್ಲಿ ಒಂದು ರಾತ್ರಿಯೂ ಆಗುತ್ತಿರಲಿಲ್ಲ. ಹೆಚ್ಚಿನ ಲಾಭವಿದ್ದದ್ದು ಎಲ್ಲವೂ ಹತ್ತಿರವಿದ್ದುದರಲ್ಲಿ. ರೂಮಿನಿಂದ ಕಾಲ್ನಡಿಗೆಯಲ್ಲಿ ಕಾಲು ಗಂಟೆಗೆ ಮರೀನಾ ಕಡಲತೀರ, ಬೀದಿಯ ಕೊನೆಗೆ ಮೀಸೆ ಹೊತ್ತ ಕೃಷ್ಣನಿರುವ ಪಾರ್ಥಸಾರಥಿ ದೇವಸ್ಥಾನ, ಅದರ ಪಕ್ಕದಲ್ಲೇ ಕವಿ ಸುಬ್ರಹ್ಮಣ್ಯ ಭಾರತಿಯವರು ಬಾಳಿದ ಮನೆ. ಮೈಲಾಪುರಕ್ಕೆ ಹೋಗಲು ಎತ್ತರದ ಕಂಬಗಳ ಮೇಲೆ ಓಡುವ ರೈಲಿದೆ. ಕಚೇರಿ ಹೊತ್ತು ಬಿಟ್ಟರೆ ಅದರ ನಿಲ್ದಾಣಗಳು ಭಣಗುಟ್ಟುತ್ತವೆ, ಬೋಗಿಯಲ್ಲಿ ಬ್ಯಾಗಿಗೂ ಒಂದು ಸೀಟು ಕೊಡಬಹುದು. ಮಧ್ಯಾಹ್ನ ದಣಿವಾದರೆ ರೂಮಿಗೆ ಹಿಂದಿರುಗಿ ಕಾಲು ಚಾಚಿ ಮತ್ತೆ ಹೊರಡಬಹುದು ಎಂಬ ಈ ಒಂದು ಸೌಕರ್ಯ ಬ್ಯಾಗು ಹೊತ್ತು ತಿರುಗುವವರಿಗೆ ಎಷ್ಟು ದೊಡ್ಡದೆಂಬುದು ಮುಂಬೈ ನೋಡಿ ಬಂದ ಮೇಲೆ ತಿಳಿಯುತ್ತದೆ.

ಬೆಳಗಿನ ಜಾವಕ್ಕೆ ಏಳುವವರಿಗೆ ಚೆನ್ನೈ ಹೇಳಿ ಮಾಡಿಸಿದ ಊರು. ಐದೂವರೆಗೆಲ್ಲ ಬಾಗಿಲ ಮುಂದೆ ನೀರು ಹಾಕಿ, ಬಗ್ಗಿದ ಬೆನ್ನು ಎತ್ತದೆ ಚುಕ್ಕಿಗಳ ಸುತ್ತ ಹಿಟ್ಟಿನ ಎಳೆ ಬಿಡುವ ಹೆಂಗಸರು, ಹಿತ್ತಾಳೆಯ ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಕಾಫಿ ಸುರಿದುಕೊಳ್ಳುತ್ತ ಅಂಗಡಿ ಮುಂದೆ ನಿಂತ ಗಂಡಸರು. ಆರರ ಆಸುಪಾಸಿಗೆ ಸಮುದ್ರದ ಮೇಲೆಯೇ ಸೂರ್ಯ ಏಳುತ್ತಾನೆ. ಮುಂಬೈ ಪಶ್ಚಿಮಕ್ಕೆ ಮುಖ ಮಾಡಿದ ಊರಾದ್ದರಿಂದ ಅಲ್ಲಿ ಸೂರ್ಯಾಸ್ತದ ವೈಭವ. ಮರೀನ್ ಡ್ರೈವಿನ ಕಟ್ಟೆಯ ಮೇಲೆ ರಾತ್ರಿ ಹತ್ತರ ಮೇಲೂ ಹೆಂಗಸರು ನಿರಾತಂಕವಾಗಿ ಕುಳಿತಿರುವುದು ನನಗೆ ಬಹಳ ಹಿಡಿಸಿತು. ಆದರೆ ಆ ಕಟ್ಟೆಯ ಕೆಳಗೆ ನಾಲ್ಕು ಕಾಲಿನ ಕಾಂಕ್ರೀಟ್ ದಿಂಡುಗಳು ರಾಶಿ ಬಿದ್ದಿವೆ, ಸಮುದ್ರವನ್ನು ನೋಡಬಹುದೇ ಹೊರತು ಮುಟ್ಟಲಾಗುವುದಿಲ್ಲ. ಮರೀನಾದ ಮರಳು ರಸ್ತೆಯಿಂದ ನೀರಿನವರೆಗೆ ನಡೆದು ಕಾಲು ನೋಯುವಷ್ಟು ಅಗಲವಾಗಿದೆ. ಸೆಳೆತ ಜೋರಾದ್ದರಿಂದ ಸ್ನಾನಕ್ಕೆ ಇಳಿಯಬಾರದು. ಅಂಚಿನಲ್ಲಿ ನಿಂತು ಪಾದ ತೋಯಿಸಿಕೊಳ್ಳಲು ಯಾರ ತಕರಾರೂ ಇಲ್ಲ.

ಊಟದ ಲೆಕ್ಕದಲ್ಲಿ ಮುಂಬೈಗೆ ನನ್ನ ಓಟು. ದಾದರಿನ ಮರಾಠಿ ಖಾನಾವಳಿಯಲ್ಲಿ ಜೋಳದ ಭಾಕರಿ, ಝುಣಕ, ಠೇಚಾ ತಟ್ಟೆಗೆ ಬಿದ್ದಾಗ ಸೋಲಾಪುರದಾಚೆ ಬಂದಿದ್ದೇವೆಂಬುದೇ ಮರೆತುಹೋಗುತ್ತದೆ. ಚೆನ್ನೈಯಲ್ಲಿ ಬಾಳೆಲೆಯ ಊಟ ಚೆನ್ನಾಗಿಯೇ ಇದ್ದರೂ ದಿನಾ ಮೂರು ಹೊತ್ತೂ ಅಕ್ಕಿಯೇ ಆದರೆ ರೊಟ್ಟಿ ತಿಂದು ಬೆಳೆದವರ ಹೊಟ್ಟೆ ಗೊಣಗುತ್ತದೆ. ಅದಕ್ಕೆ ನಾನು ಮನೆಯಿಂದಲೇ ಸಜ್ಜೆಯ ಕಡಕ್ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಸ್ಟೀಲ್ ಡಬ್ಬಿಯಲ್ಲಿ ಒಯ್ದಿದ್ದೆ. ಪ್ಲಾಸ್ಟಿಕ್ ಚೀಲದಲ್ಲಿ ಒಯ್ದರೆ ರೈಲು ಇಳಿಯುವಷ್ಟರಲ್ಲಿ ಪುಡಿಯಾಗಿರುತ್ತವೆ. ಮರೀನಾದಲ್ಲಿ ಮೆಣಸಿನಕಾಯಿ ಬಜ್ಜಿಗೆ ಜನ ಮುಗಿಬೀಳುತ್ತಾರೆ, ಆದರೆ ಒಗ್ಗರಣೆ ಮಂಡಾಳಿನ ಜೊತೆ ಮಿರ್ಚಿ ತಿಂದು ಗೊತ್ತಿರುವ ಜಿಲ್ಲೆಯವರು ಅದನ್ನು ಖಾರವೆಂದು ಒಪ್ಪಲಾರರು. ಬೇಯಿಸಿದ ಕಾಳಿಗೆ ಒಗ್ಗರಣೆ ಹಾಕಿದ ಸುಂಡಲ್ ಮಾತ್ರ ತಪ್ಪಿಸಬಾರದು.

ಭಾಷೆಯ ವಿಷಯದಲ್ಲೂ ಮುಂಬೈ ಸಲೀಸು. ನಿಜಾಮರ ಕಾಲದಿಂದ ನಮ್ಮೂರ ಸಂತೆಯಲ್ಲಿ ಓಡಾಡುತ್ತಿರುವ ದಖನಿ ಉರ್ದು ಅಲ್ಲಿ ಆಟೊದಿಂದ ತರಕಾರಿಯವರೆಗೂ ನಡೆಯುತ್ತದೆ. ಚೆನ್ನೈಯ ಆಟೊದವರ ಜೊತೆ ಚೌಕಾಸಿ ಮಾಡಲು ಬೆರಳುಗಳೇ ಗತಿ, ಅವರು ಹೇಳುವ ಮೊದಲ ಬೆಲೆಯನ್ನು ಕೇಳಿಸಿಕೊಳ್ಳದಂತೆ ನಡೆಯುತ್ತಿರುವುದು ಉತ್ತಮ.

ನೋಡುವ ವಸ್ತುಗಳಲ್ಲಿ ಮುಂಬೈಯ ಎಲಿಫೆಂಟಾಕ್ಕೆ ಸಮನಾದದ್ದು ಚೆನ್ನೈ ನಗರದೊಳಗೆ ಇಲ್ಲ. ಗೇಟ್‌ವೇಯಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ ಹೋಗಿ, ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ, ಮೂರಾಳೆತ್ತರದ ಆ ಮೂರು ಮುಖದ ಶಿವನ ಮುಂದೆ ನಿಂತಾಗ ಬಾದಾಮಿಯನ್ನು ಹತ್ತಾರು ಸಲ ನೋಡಿದವರೂ ಮಾತು ನಿಲ್ಲಿಸುತ್ತಾರೆ. ಸೋಮವಾರ ಅಲ್ಲಿಗೆ ಹೋಗಬೇಡಿ, ಗುಹೆಗಳಿಗೆ ರಜೆ. ಚೆನ್ನೈಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯ. ಆ ಸಂಗ್ರಹಾಲಯ 1851ರಷ್ಟು ಹಳೆಯದು, ಅಲ್ಲಿಯ ಕಂಚಿನ ನಟರಾಜರನ್ನು ನೋಡಲೆಂದೇ ಜನ ಬರುತ್ತಾರೆ. ನಾನು ಹೆಚ್ಚು ಹೊತ್ತು ಕಳೆದದ್ದು ಅಮರಾವತಿಯ ಬೌದ್ಧ ಸ್ತೂಪದಿಂದ ತಂದ ಸುಣ್ಣಕಲ್ಲಿನ ಫಲಕಗಳ ಮುಂದೆ. ಹೈದರಾಬಾದಿಗೆ ಹೋಗುವಾಗ ಶಕ್ತಿನಗರದ ಬಳಿ ನಾವು ದಾಟುವ ಕೃಷ್ಣೆಯೇ ಮುಂದೆ ಹರಿದು ಆ ಸ್ತೂಪದ ದಂಡೆಗೆ ತಲುಪುತ್ತದೆ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಶಾಸನ ನೋಡಿದ ನಮ್ಮ ಜಿಲ್ಲೆಯವರು ಈ ಕಲ್ಲುಗಳನ್ನು ನೋಡದೆ ಬರಬಾರದು. ಆ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ.

ಒಂದು ದಿನ ಕೈಯಲ್ಲಿದ್ದರೆ ಕಡಲ ತೀರದ ರಸ್ತೆಯಲ್ಲಿ ಬಸ್ಸು ಹಿಡಿದು ಮಾಮಲ್ಲಪುರಕ್ಕೆ ಹೋಗಿಬರಬಹುದು. ಇಮ್ಮಡಿ ಪುಲಕೇಶಿಯನ್ನು ಸೋಲಿಸಿ, 642ರ ಸುಮಾರಿಗೆ ಬಾದಾಮಿಯನ್ನು ಹಿಡಿದು ‘ವಾತಾಪಿಕೊಂಡ’ ಎಂದು ಬಿರುದು ಹೊತ್ತ ನರಸಿಂಹವರ್ಮ ಪಲ್ಲವನ ‘ಮಾಮಲ್ಲ’ ಎಂಬ ಇನ್ನೊಂದು ಹೆಸರಿನ ಊರದು. ನಮ್ಮ ಮನೆಯವರು ಅದೇ ನೆಪದಿಂದ ಅಲ್ಲಿಯ ಕಲ್ಲಿನ ರಥಗಳನ್ನು ಹೊಗಳಲು ಮೊದಲು ಒಪ್ಪಲಿಲ್ಲ. ಅರ್ಜುನನ ತಪಸ್ಸಿನ ಬಂಡೆಯ ಮುಂದೆ, ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಂತ ಬೆಕ್ಕಿನ ಕಾಲ ಬಳಿ ಇಲಿಗಳನ್ನು ಕಂಡು ನಕ್ಕ ಮೇಲೆ ವೈರ ಮರೆತರು.

ಚೆನ್ನೈಯ ಕುಂದುಕೊರತೆಗಳೂ ಇವೆ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ದೇವಸ್ಥಾನಗಳು ಮುಚ್ಚಿದರೆ ತೆರೆಯುವುದು ನಾಲ್ಕಕ್ಕೆ. ಬಿಸಿಲು ನಮಗೆ ಹೊಸದಲ್ಲ, ಆದರೆ ಒಗೆದ ಬಟ್ಟೆ ರಾತ್ರಿಯಿಡೀ ಫ್ಯಾನಿನ ಕೆಳಗಿದ್ದರೂ ಒಣಗದಂಥ ಆ ತೇವದ ಸೆಕೆ ಹೊಸದು. ಎರಡೇ ಜೊತೆ ಬಟ್ಟೆಯಲ್ಲಿ ತಿರುಗುವವರು ಇದನ್ನು ಗಮನದಲ್ಲಿಡಬೇಕು.

ಮುಂಬೈಯಲ್ಲಿ ನೆಂಟರ ಮನೆಯಿದ್ದು ಬ್ಯಾಗು ಅಲ್ಲೇ ಇಟ್ಟು ಬರಿಗೈಯಲ್ಲಿ ತಿರುಗಬಲ್ಲವರು, ಇಲ್ಲವೇ ದಕ್ಷಿಣದ ತುದಿಯಲ್ಲೇ ರೂಮಿಗೆ ಮೂರು ಸಾವಿರ ಕೊಡಬಲ್ಲವರು, ಅದರಲ್ಲೂ ರಾತ್ರಿ ತಡವಾಗಿ ಮಲಗುವ ರೂಢಿಯವರು ನನ್ನ ಮಾತು ಬಿಟ್ಟು ಮುಂಬೈಗೇ ಹೋಗಲಿ. ನಮ್ಮ ಮನೆಯವರಿಗೆ ಈಗಲೂ ಅದೇ ಮೇಲು. ಒಂಬತ್ತಕ್ಕೆ ಮಲಗಿ ಐದಕ್ಕೆ ಏಳುವವರು, ರೂಮಿಗೆ ಸಾವಿರದ ಮೇಲೆ ಕೊಡಲು ಮನಸ್ಸು ಬಾರದವರು, ಹಾದಿಯುದ್ದಕ್ಕೂ ಜೊತೆಯಲ್ಲೇ ಇರಬೇಕೆನ್ನುವವರು ಚೆನ್ನೈಗೆ ಟಿಕೆಟ್ ತೆಗೆಸಲಿ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಅಲ್ಲಿ ಹಿಂಗಾರಿನ ಮಳೆ ಸುರಿಯುವುದರಿಂದ, ಸಂಕ್ರಾಂತಿಯ ನೂಕುನುಗ್ಗಲು ಕಳೆದ ಮೇಲೆ, ಬೇಸಿಗೆ ಬಲಿಯುವ ಮುನ್ನ ಹೋಗುವುದು ಒಳ್ಳೆಯದು.