ಪಾರ್ಕ್ ಫೇಸಿಂಗ್ ಅಂದರು, ಪಾರ್ಕನ್ನೇ ಮಾರಿದರು

ನಿನ್ನೆ ಬೆಳಿಗ್ಗೆ ಆರೂವರೆಗೆ ಒಂದು ವಾಟ್ಸಾಪ್ ಮೆಸೇಜ್ ಬಂತು. ‘ತುಮಕೂರು ರೋಡ್, ಹೊಸ ಲೇಔಟ್, ಪಾರ್ಕ್ ಫೇಸಿಂಗ್ ಸೈಟ್ ಕೆಲವೇ ಬಾಕಿ, ಹಬ್ಬದ ಆಫರ್.’ ಕಳಿಸಿದವನು ಸೈಟ್ ಮಾರಿ ನನಗೆ ಟೋಪಿ ಹಾಕಿದ ಅದೇ ಏಜೆಂಟ್. ಗುಂಪಿಗೆ ಕಳಿಸುವಾಗ ನನ್ನ ನಂಬರ್ ತೆಗೆಯೋದು ಮರೆತಿದ್ದಾನೆ. ಇಷ್ಟು ದಿನ ಮರ್ಯಾದೆಗೆ ಅಂಜಿ ಸುಮ್ಮನಿದ್ದೆ. ಇನ್ನು ಸುಮ್ಮನಿದ್ದರೆ ಇನ್ನೊಬ್ಬರ ಮನೆ ಹಾಳಾಗುತ್ತದೆ. ಕೇಸ್ ನಡೆಯುತ್ತಿದೆ, ಹೆಸರು ಹಾಕಬೇಡಿ ಅಂತ ವಕೀಲರು ಹೇಳಿದ್ದಾರೆ, ಹಾಕಲ್ಲ. ನಡೆದದ್ದು ಮಾತ್ರ ಹೇಳ್ತೀನಿ.

2021ರ ದೀಪಾವಳಿ. ದಾಬಸ್‌ಪೇಟೆ ಕಡೆ ಎರಡು ಎಕರೆ ಹತ್ತು ಗುಂಟೆಯ ಲೇಔಟ್. ಇಂಡಸ್ಟ್ರಿಯಲ್ ಏರಿಯಾ ಪಕ್ಕದಲ್ಲೇ ಇದೆ, ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ಹೋಗುವ ರಿಂಗ್ ರೋಡ್ ಬರುತ್ತಿದೆ, ಇವತ್ತು ಬಿಟ್ಟರೆ ನಾಳೆ ಸಿಗಲ್ಲ. ಈ ಮಾತು ನಿಮಗೂ ಯಾರೋ ಹೇಳಿರುತ್ತಾರೆ. ಏಜೆಂಟ್ ನಮ್ಮ ಫ್ಯಾಕ್ಟರಿ ಎದುರಿಗೆ ಜೆರಾಕ್ಸ್ ಅಂಗಡಿ ಇಟ್ಟಿದ್ದವನು. ಏಳು ವರ್ಷದ ಪರಿಚಯ. ಬಾಯಿ ತುಂಬ ‘ಅಣ್ಣ, ಅಣ್ಣ’.

ನಾನೇನು ಕಣ್ಣು ಮುಚ್ಚಿಕೊಂಡು ಹೋಗಲಿಲ್ಲ. ಅದೇ ಜಾಸ್ತಿ ಉರಿಯುವುದು. ಶಿಫ್ಟಿನಲ್ಲಿ ಯಾರಾದರೂ ರೆವಿನ್ಯೂ ಸೈಟ್ (ಕೃಷಿ ಜಮೀನನ್ನೇ ತುಂಡು ಮಾಡಿ ಮಾರುವ ಸೈಟ್) ಅಂತ ಬಾಯಿ ತೆರೆದರೆ ‘ಪಂಚಾಯಿತಿ ಸೀಲ್ ನಂಬಬೇಡ, ಕನ್ವರ್ಷನ್ ಕೇಳು, ಪ್ಲಾನಿಂಗ್ ಅಥಾರಿಟಿ ಅಪ್ರೂವಲ್ ಕೇಳು’ ಅಂತ ಭಾಷಣ ಬಿಗಿಯುತ್ತಿದ್ದವನು ನಾನೇ. ಇಲ್ಲೂ ಕೇಳಿದೆ. ಎಲ್ಲ ಇತ್ತು! ಕೃಷಿ ಜಮೀನನ್ನು ಮನೆ ಕಟ್ಟುವ ಜಾಗವಾಗಿ ಬದಲಿಸುವ ಡಿಸಿ ಕನ್ವರ್ಷನ್ ಆದೇಶ ಇತ್ತು, ಅಸಲಿ. ಲೇಔಟ್ ನಕ್ಷೆಗೆ ಒಪ್ಪಿಗೆ ಕೊಡುವ ಪ್ಲಾನಿಂಗ್ ಅಥಾರಿಟಿಯ ಅಪ್ರೂವಲ್ ನಂಬರ್ ಇತ್ತು, ಅಸಲಿ. ರಿಯಲ್ ಎಸ್ಟೇಟ್ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ ರೆರಾದ ನಂಬರ್ ಇತ್ತು, ಅದೂ ಅಸಲಿ. ಒಂದು ಮಾತ್ರ ಸುಳ್ಳು. ನನ್ನ ಸೈಟು.

ಸೈಟ್ ನಂಬರ್ 47. ಮೂವತ್ತು ನಲವತ್ತು. ಅಡಿಗೆ 800 ರೂಪಾಯಿ. ಪಾರ್ಕ್ ಎದುರಿಗೆ ಬರುತ್ತದೆ ಅಂತ ಅಡಿಗೆ 50 ರೂಪಾಯಿ ಜಾಸ್ತಿ. ಅಂದರೆ 60 ಸಾವಿರ ಬರೀ ಪಾರ್ಕ್ ನೋಡುವುದಕ್ಕೆ. ಒಟ್ಟು 10 ಲಕ್ಷ 20 ಸಾವಿರ. ಪಾರ್ಕನ್ನು ಕಣ್ಣಾರೆ ನೋಡಿದ್ದೆ ಕೂಡ. ರಸ್ತೆಯ ಆ ಕಡೆ ತಂತಿ ಬೇಲಿ, ಹೊಸದಾಗಿ ನೆಟ್ಟ ನಾಲ್ಕು ಹೊಂಗೆ ಗಿಡ, ಕೆಂಪು ಬಣ್ಣದ ಜಾರುಬಂಡೆ. ನನ್ನ ಮಗಳು ಅದರ ಮೇಲೆ ಮೂರು ಸಲ ಜಾರಿದಳು. ಫೋಟೋ ಇದೆ ಈಗಲೂ ಫೋನಿನಲ್ಲಿ. ಅಳಿಸೋಕೂ ಮನಸ್ಸು ಬರಲ್ಲ, ನೋಡೋಕೂ ಆಗಲ್ಲ.

‘ಬ್ಯಾಂಕ್ ಲೋನ್ ಮಾಡ್ಲಾ?’ ಅಂತ ಕೇಳಿದ್ದೆ. ‘ಯಾಕಣ್ಣಾ, ಅವರದು ಎರಡು ತಿಂಗಳು ಎಳೆದಾಟ. ಅಷ್ಟರಲ್ಲಿ 47 ಹೋಗಿಬಿಡುತ್ತೆ’ ಅಂದ. ಹೆಂಡತಿಯ ಬಳೆ, ನನ್ನ ಪಿಎಫ್ ಹಣ, ಮಾವನ ಹತ್ತಿರ ಎರಡು ಲಕ್ಷ. ಗೈಡೆನ್ಸ್ ವ್ಯಾಲ್ಯೂ (ನೋಂದಣಿಗೆ ಸರ್ಕಾರ ಇಟ್ಟ ಕನಿಷ್ಠ ದರ) ಲೆಕ್ಕಕ್ಕೆ 3 ಲಕ್ಷ 60 ಸಾವಿರ ಚೆಕ್. ಉಳಿದ 6 ಲಕ್ಷ 60 ಸಾವಿರ ನಗದು, ಬಟ್ಟೆ ಅಂಗಡಿಯ ಕವರಿನಲ್ಲಿ. ‘ಎಲ್ಲರೂ ಹಂಗೇ ಮಾಡೋದಲ್ವಾ ಅಣ್ಣ, ಸ್ಟಾಂಪ್ ಡ್ಯೂಟಿ ಉಳಿಯುತ್ತೆ.’ ಹೌದು, ನಾನೂ ಒಪ್ಪಿದೆ. ನನ್ನ ತಪ್ಪೂ ಇದೆ, ಇಲ್ಲ ಅನ್ನಲ್ಲ. ಬೈಯುವವರು ಬೈಯಿರಿ.

ಏಜೆಂಟೇ ಇಸಿ ತೆಗೆಸಿಕೊಟ್ಟ, ಅಂದರೆ ಸ್ವತ್ತಿನ ಮೇಲೆ ಯಾವ ವ್ಯವಹಾರ, ಸಾಲ ನೋಂದಣಿಯಾಗಿದೆ ಅಂತ ತೋರಿಸುವ ಋಣಭಾರ ಪತ್ರ. ಫಾರಂ 16, ಅಂದರೆ ನಿಲ್. ಯಾವ ವ್ಯವಹಾರವೂ ಇಲ್ಲ, ಋಣ ಇಲ್ಲ. ‘ಹಾಲಿನಂಗೆ ಇದೆ ನೋಡಣ್ಣ’ ಅಂದ. ಖಾತೆ ಕೇಳಿದರೆ ಪಂಚಾಯಿತಿಯ ಆನ್‌ಲೈನ್ ಸ್ವತ್ತಿನ ದಾಖಲೆ, ಇ-ಸ್ವತ್ತು ಫಾರಂ 11ಬಿ ಕೊಟ್ಟ. ಹನ್ನೊಂದು ಅಂತ ಕಂಡಿತು, ಪಕ್ಕದ ಬಿ ನನ್ನ ಕಣ್ಣಿಗೆ ಬೀಳಲಿಲ್ಲ. ಕ್ರಮಬದ್ಧ ಲೇಔಟಿಗೆ ಫಾರಂ 9 ಮತ್ತು 11ಎ ಬರಬೇಕು. 11ಬಿ ಅಂದರೇನೇ ಅಪ್ರೂವಲ್ ಇಲ್ಲದ ಸ್ವತ್ತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು, ಫೋಟೋ, ಹತ್ತು ನಿಮಿಷಕ್ಕೆ ಮುಗಿಯಿತು. ರಿಜಿಸ್ಟರ್ ಆಯಿತಲ್ಲ, ಇನ್ನೇನು ಭಯ ಅಂದುಕೊಂಡೆ. ಅಲ್ಲಿ ಪತ್ರ ನೋಂದಾಯಿಸುತ್ತಾರೆ ಅಷ್ಟೇ, ಮಾರುವವನಿಗೆ ಹಕ್ಕಿದೆಯೋ ಇಲ್ಲವೋ ಅಂತ ಗ್ಯಾರಂಟಿ ಕೊಡಲ್ಲ. ಇದು ಆಮೇಲೆ ಗೊತ್ತಾದದ್ದು.

ಮನೆ ಕಟ್ಟಲು ಬ್ಯಾಂಕಿಗೆ ಹೋದೆ. ಅವರ ವಕೀಲರು ಅಪ್ರೂವ್ಡ್ ಪ್ಲಾನ್ ಮತ್ತು ಸೈಟ್ ರಿಲೀಸ್ ಪತ್ರ (ಸೈಟ್ ಮಾರಬಹುದು ಅಂತ ಪ್ಲಾನಿಂಗ್ ಅಥಾರಿಟಿ ಕೊಡುವ ಪತ್ರ) ಕೇಳಿದರು. ಏಜೆಂಟ್ ಇವತ್ತು ನಾಳೆ ಅಂದ. ಕೊನೆಗೆ ನಾನೇ ಅರ್ಧ ದಿನ ರಜೆ ಹಾಕಿ ಪ್ಲಾನಿಂಗ್ ಕಚೇರಿಗೆ ಹೋದೆ.

ಕೇಸ್ ವರ್ಕರ್ ಮೇಡಂ ಒಳ್ಳೆಯವರು. ಫೈಲಿನಿಂದ ಪ್ಲಾನ್ ತೆಗೆದು ಮೇಜಿನ ಮೇಲೆ ಬಿಡಿಸಿದರು. ಮತ್ತೆ ಮತ್ತೆ ಸುರುಳಿ ಸುತ್ತಿಕೊಳ್ಳುತ್ತಿತ್ತು ಅಂತ ಒಂದು ಮೂಲೆಗೆ ಸ್ಟೇಪ್ಲರ್, ಇನ್ನೊಂದಕ್ಕೆ ನೀರಿನ ಬಾಟಲ್ ಇಟ್ಟರು. ‘ಎಷ್ಟನೇ ನಂಬರ್ ನಿಮ್ದು?’ 47, ಅಂದೆ. ಅವರ ಬೆರಳು ಸಾಲಿನ ಮೇಲೆ ಹೋಯಿತು. 39, 40, 41, 42. ಅಲ್ಲಿಗೆ ನಿಂತಿತು. ‘42ಕ್ಕೇ ಮುಗಿಯುತ್ತಲ್ಲ ಸರ್.’ ನಾನು ಬ್ಯಾಗಿನಿಂದ ಏಜೆಂಟ್ ಕೊಟ್ಟಿದ್ದ ಬಣ್ಣದ ಪಾಂಪ್ಲೆಟ್ ತೆಗೆದು ಪಕ್ಕದಲ್ಲಿಟ್ಟೆ. ಅದರಲ್ಲಿ 50 ಸೈಟು. ಎರಡನ್ನೂ ನೋಡಿದರು. ನನ್ನ ಮುಖ ನೋಡಿದರು. 42ರ ಪಕ್ಕದ ಹಸಿರು ಚೌಕದ ಮೇಲೆ ಬೆರಳಿಟ್ಟು ಮೆಲ್ಲಗೆ ಕೇಳಿದರು, ‘ಇದು ಪಾರ್ಕ್ ಅಲ್ವಾ ಸರ್? ಇದನ್ನ ತಗೊಂಡಿದೀರಾ?’

ಪಕ್ಕದ ಕುರ್ಚಿಯಲ್ಲಿದ್ದ ಯಾರೋ ನಕ್ಕರು. ನನ್ನನ್ನು ನೋಡಿ ನಕ್ಕರೋ ಫೋನ್ ನೋಡಿ ನಕ್ಕರೋ ಗೊತ್ತಿಲ್ಲ. ಕಿವಿ ಬಿಸಿಯಾಯಿತು.

ಲೇಔಟ್ ಅಪ್ರೂವಲ್ ಆಗುವಾಗ ರಸ್ತೆ, ಪಾರ್ಕ್, ಸಿಎ ಜಾಗವನ್ನು (ಶಾಲೆ, ಆಸ್ಪತ್ರೆಯಂಥ ಸಾರ್ವಜನಿಕ ಸೌಲಭ್ಯಕ್ಕೆ ಬಿಡುವ ಜಾಗ) ಮಾಲೀಕ ರಿಲಿಂಕ್ವಿಶ್‌ಮೆಂಟ್ ಡೀಡ್, ಅಂದರೆ ಹಕ್ಕು ಬಿಡುವ ಪತ್ರ, ಮಾಡಿ ಪುಕ್ಕಟೆ ಬಿಟ್ಟುಕೊಡಬೇಕು. ಈ ಲೇಔಟಿನ ಮಾಲೀಕನೂ ಬಿಟ್ಟುಕೊಟ್ಟಿದ್ದಾನೆ. ಬಿಟ್ಟುಕೊಟ್ಟ ಮೇಲೆ ಅದೇ ಜಾಗಕ್ಕೆ ಪಂಚಾಯಿತಿಯಲ್ಲಿ ಎಂಟು 11ಬಿ ಹುಟ್ಟಿಸಿ ಎಂಟು ಜನಕ್ಕೆ ಮಾರಿದ್ದಾನೆ. ಇಸಿ ನಿಲ್ ಬಂದದ್ದೂ ಅದಕ್ಕೇ. ಮೂಲ ಜಮೀನಿನ ಸರ್ವೆ ನಂಬರಿನ ಮೇಲೆ ತೆಗೆಸಿದ್ದರೆ ಡೀಡ್ ಕಾಣಿಸುತ್ತಿತ್ತು. ಏಜೆಂಟ್ ತೆಗೆಸಿದ್ದು ನಿನ್ನೆ ಮೊನ್ನೆ ಹುಟ್ಟಿದ ಖಾತೆ ನಂಬರಿನ ಮೇಲೆ. ಕೂಸಿಗೆ ಸಾಲ ಎಲ್ಲಿಂದ ಬರಬೇಕು! ಲೆಕ್ಕ ನೋಡಿ. ಪಾರ್ಕ್ ಒಂಬತ್ತು ಗುಂಟೆ. ಗುಂಟೆಗೆ 1089 ಅಡಿಯಂತೆ 9801 ಅಡಿ. ಎಂಟು ಸೈಟಿಗೆ 9600. ಊರಿನ ಮಕ್ಕಳು ಆಡಲಿ ಅಂತ 201 ಅಡಿ ಉಳಿಸಿದ್ದಾರೆ, ಪುಣ್ಯಾತ್ಮರು.

ಹಾಗಾದರೆ ನನ್ನ ಮಗಳು ಜಾರಿದ್ದು ಎಲ್ಲಿ? ಕಚೇರಿಯಿಂದ ಸೀದಾ ಲೇಔಟಿಗೆ ಹೋದೆ. ಬೇಲಿ ಇಲ್ಲ, ಜಾರುಬಂಡೆ ಇಲ್ಲ. ಮೊಣಕಾಲುದ್ದ ರಾಗಿ. ಅದು ಪಕ್ಕದ ಸರ್ವೆ ನಂಬರಿನ ರೈತರ ಹೊಲ. ಆ ಯಜಮಾನರನ್ನು ಕೇಳಿದರೆ, ‘ಆರು ತಿಂಗಳು ಬಾಡಿಗೆಗೆ ಕೇಳುದ್ರು ಕಣಪ್ಪ, ಕೊಟ್ಟೆ. ಆಮೇಲೆ ಅವ್ರೇ ಕಿತ್ಕೊಂಡು ಹೋದ್ರು’ ಅಂದರು.

ಇನ್ನು ಏಜೆಂಟ್, ಡೆವಲಪರ್ ಕೊಟ್ಟ ಉತ್ತರಗಳು. ಓದಿ.

ಮೊದಲ ಫೋನಿಗೆ ಏಜೆಂಟ್: ‘ಅಣ್ಣ, ಆ ಮೇಡಂ ಹೊಸಬರು, ಹಳೇ ಪ್ಲಾನ್ ತೋರಿಸಿದಾರೆ. ರಿವೈಸ್ಡ್ ಪ್ಲಾನ್ ಮೂವ್ ಆಗ್ತಿದೆ.’ ಮಾಹಿತಿ ಹಕ್ಕಿನಲ್ಲಿ ಕೇಳಿದೆ. ರಿವೈಸ್ಡ್ ಪ್ಲಾನಿಗೆ ಅರ್ಜಿಯೇ ಇಲ್ಲ.

ಎರಡನೇ ಸಲ: ‘ಸರ್, ಟೆನ್ಶನ್ ಯಾಕೆ, ಅಕ್ರಮ ಸಕ್ರಮ ಬಂದ್ರೆ ಎಲ್ಲ ಸರಿ ಹೋಗುತ್ತೆ.’ ಗಮನಿಸಿ, ಅಣ್ಣ ಹೋಗಿ ಸರ್ ಬಂತು. ಆ ಅಕ್ರಮ ಸಕ್ರಮಕ್ಕೆ (ದಂಡ ಕಟ್ಟಿಸಿಕೊಂಡು ಅಕ್ರಮ ಸೈಟ್, ಕಟ್ಟಡ ಕ್ರಮಬದ್ಧ ಮಾಡುವ ಯೋಜನೆ) 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತ್ತು. ಅದು ಬಂದರೂ ಪಾರ್ಕಿಗೆ ಬಿಟ್ಟ ಜಾಗಕ್ಕೆ ಸಕ್ರಮ ಇಲ್ಲ ಅಂತ ಆ ಕಾನೂನಿನಲ್ಲೇ ಬರೆದಿದೆ.

ಮೂರನೇ ಸಲ ಲೇಔಟ್ ಮಾಡಿದ ಡೆವಲಪರ್ ಆಫೀಸಿಗೇ ಹೋಗಿ ಕೂತೆ. ಕಾಫಿ ಕೊಟ್ಟರು. ‘ಮುಂದಿನ ಪ್ರಾಜೆಕ್ಟಿನಲ್ಲಿ ಸೈಟ್ ಕೊಡ್ತೀವಿ, ಡಿಫರೆನ್ಸ್ ನಾಲ್ಕೂವರೆ ಲಕ್ಷ ಹಾಕಿ.’ ಅಲ್ಲ ಸ್ವಾಮಿ, ಮೋಸ ಹೋದವನು ನಾನು, ಇನ್ನೂ ನಾನೇ ಕೊಡಬೇಕಾ? ಹಣ ವಾಪಸ್ ಕೊಡಿ ಅಂದೆ. ‘ಪತ್ರದಲ್ಲಿ ಎಷ್ಟಿದೆಯೋ ಅಷ್ಟು ಕೊಡ್ತೀವಿ’ ಅಂದರು. ಪತ್ರದಲ್ಲಿ 3 ಲಕ್ಷ 60 ಸಾವಿರ! ಆ ಬಟ್ಟೆ ಅಂಗಡಿ ಕವರಿಗೆ ಎಲ್ಲಿದೆ ಸಾಕ್ಷಿ?

ಕೊನೆಯದು ಏಜೆಂಟನ ಮಾತು: ‘ಏನ್ರೀ, ಓದಿಕೊಂಡೇ ಸೈನ್ ಹಾಕಿದೀರಲ್ಲ.’ ಅಣ್ಣ, ಸರ್, ಏನ್ರೀ.

ಪೊಲೀಸ್ ಠಾಣೆಯಲ್ಲಿ ‘ಇದು ಸಿವಿಲ್ ಮ್ಯಾಟರ್’ ಅಂದರು. ಈಗ ವಕೀಲರ ಮೂಲಕ ಕೋರ್ಟಿನಲ್ಲಿ ಖಾಸಗಿ ದೂರು ಹಾಕಿದ್ದೇನೆ, ರೆರಾದಲ್ಲೂ ದೂರು ಕೊಟ್ಟಿದ್ದೇನೆ. ರೆರಾ ವೆಬ್‌ಸೈಟ್ ವಿಷಯ ಹೇಳಲೇ ಬೇಕು. ಅದೇ ನಂಬರ್ ಹಾಕಿ ನೋಡಿದರೆ 42 ಸೈಟಿನ ಪ್ಲಾನ್ ಅಲ್ಲೇ ಇತ್ತು. ಐದು ನಿಮಿಷದ ಕೆಲಸ. ಏಳು ವರ್ಷದ ‘ಅಣ್ಣ’ ಆ ಐದು ನಿಮಿಷ ತಿಂದುಹಾಕಿತು.

ನನಗಿಂತ ಕೆಟ್ಟದ್ದು ಇನ್ನೊಂದಿದೆ. ನನ್ನ ಮಾತು ಕೇಳಿ ನಮ್ಮ ಶಿಫ್ಟಿನ ಹುಡುಗನೊಬ್ಬ 48 ತಗೊಂಡ. ಅವನನ್ನು ಕರೆದುಕೊಂಡು ಹೋದದ್ದಕ್ಕೆ ನನಗೆ ಐದು ಲೀಟರಿನ ಕುಕ್ಕರ್ ಕೊಟ್ಟರು. ನಾನು ಹಲ್ಲು ಕಿರಿದು ತಗೊಂಡೆ. ಕುಕ್ಕರ್ ಅಟ್ಟದ ಮೇಲಿದೆ, ಹೆಂಡತಿ ಮುಟ್ಟಲ್ಲ. ಆ ಹುಡುಗ ಈಗ ಕ್ಯಾಂಟೀನಿನಲ್ಲಿ ನಾನು ಕೂತ ಮೇಜಿಗೆ ಬರಲ್ಲ.

ತಗೊಳ್ಳುವವರಿಗೆ ಇಷ್ಟೇ. ಪ್ಲಾನ್ ಏಜೆಂಟನ ಕೈಯಿಂದ ಬೇಡ, ಪ್ಲಾನಿಂಗ್ ಕಚೇರಿಗೆ ನೀವೇ ಹೋಗಿ ನಿಮ್ಮ ಸೈಟ್ ನಂಬರ್ ಅದರಲ್ಲಿದೆಯಾ ನೋಡಿ. ಇಸಿ ಸರ್ವೆ ನಂಬರಿನ ಮೇಲೆ 30 ವರ್ಷದ್ದು ತೆಗೆಸಿ. 11ಬಿ ಕಂಡರೆ ಎದ್ದು ಬನ್ನಿ. ಸೈಟಿಗೆ ಅಂತ 20 ಸಾವಿರ ಅಥವಾ ಜಾಸ್ತಿ ನಗದು ತಗೊಳ್ಳೋದನ್ನೇ ಕಾನೂನು ಒಪ್ಪಲ್ಲ, ಕೇಳಿದರೆ ಕೊಡಬೇಡಿ. ಬ್ಯಾಂಕ್ ಲೋನ್ ಬೇಡ ಅಂದವನನ್ನು ನಂಬಲೇ ಬೇಡಿ.

ದಾಬಸ್‌ಪೇಟೆ ಕಡೆ ಕೆಂಪು ಜಾರುಬಂಡೆ ಇದ್ದ ಲೇಔಟಿನಲ್ಲಿ 43ರಿಂದ 50ರವರೆಗಿನ ಸೈಟ್ ತಗೊಂಡವರು ಇದನ್ನು ಓದುತ್ತಿದ್ದರೆ ದಯವಿಟ್ಟು ನನಗೆ ಮೆಸೇಜ್ ಮಾಡಿ. ನಾನು, 48ರ ಹುಡುಗ, 44ರ ಟೀಚರಮ್ಮ ಸೇರಿ ಮೂರೇ ಜನ ಇದ್ದೇವೆ. ಉಳಿದ ಐವರು ಯಾರು ಅಂತ ಗೊತ್ತಿಲ್ಲ. ಬರುವಾಗ ಪತ್ರದ ಜೊತೆ ಆ ಪಾಂಪ್ಲೆಟ್ ಕೂಡ ತನ್ನಿ, ಬಿಸಾಡಬೇಡಿ.